ಬ್ಯಾಟ್ ಬಂತು, ಕಾಗದ ಎಲ್ಲಿ?

ಹರಾಜಿನಲ್ಲಿ ಬ್ಯಾಟ್ ಗೆದ್ದವರಿಗೆ ಮೊದಲು ಅಭಿನಂದನೆ. ದೊಡ್ಡ ಆಟಗಾರರೊಬ್ಬರು ಆಡಿದ ಬ್ಯಾಟ್, ಮೇಲೆ ಅವರದೇ ಸಹಿ. ಸುತ್ತಿಗೆ ಬಿದ್ದ ಬೆಲೆ ಕೊಟ್ಟಿರಿ. ಅದರ ಮೇಲೆ 'ಖರೀದಿದಾರರ ಪ್ರೀಮಿಯಂ' ಅಂತ ಹರಾಜು ಸಂಸ್ಥೆಗೆ ಇನ್ನಷ್ಟು ಕೊಟ್ಟಿರಿ, ಅಂದರೆ ಖರೀದಿ ಮಾಡಿದ ತಪ್ಪಿಗೆ ದಂಡ. ಪೆಟ್ಟಿಗೆ ಬಂತು, ಬಿಚ್ಚಿದಿರಿ. ಬ್ಯಾಟ್ ಇದೆ, ಸಹಿ ಇದೆ, ಸುತ್ತಿದ ಪ್ಲಾಸ್ಟಿಕ್ ಅಂತೂ ಬೇಕಾದಷ್ಟಿದೆ. 'ಇದು ಅಸಲಿ' ಅಂತ ಹೇಳುವ ಪ್ರಮಾಣಪತ್ರ ಮಾತ್ರ ಇಲ್ಲ.

ಹಾಗಿದ್ದರೆ ನಿಮ್ಮ ಕೈಯಲ್ಲಿ ಈಗ ಇರುವುದೇನು? ಒಂದು ಮರದ ತುಂಡು. ಅದರ ಮೇಲೆ ಯಾರೋ ಗೀಚಿದ್ದಾರೆ.

ಹರಾಜು ಸಂಸ್ಥೆಗೆ ಬರೆದು ನೋಡಿ. ಉತ್ತರ ಬಹಳ ವಿನಯದಿಂದ ಬರುತ್ತದೆ. ಪತ್ರ ಕೊಡಬೇಕಾದವರು ಬ್ಯಾಟನ್ನು ಹರಾಜಿಗೆ ತಂದವರಂತೆ. ಅವರು ಯಾರು? ಹೇಳುವ ಹಾಗಿಲ್ಲ, ಗುಟ್ಟು. ಕ್ಯಾಟಲಾಗಿನ ಫೋಟೋದಲ್ಲಿ ಪತ್ರವೂ ಕಾಣಿಸುತ್ತಿತ್ತಲ್ಲ? ಫೋಟೋ ನೋಡುವುದಕ್ಕೆ ಮಾತ್ರ. ನಿಯಮಗಳ ಕೊನೆಯ ಪುಟದಲ್ಲಿ, ಇರುವೆಯೂ ಕನ್ನಡಕ ಹುಡುಕಬೇಕಾದಷ್ಟು ಸಣ್ಣ ಅಕ್ಷರದಲ್ಲಿ, 'ಇದ್ದದ್ದು ಇದ್ದ ಹಾಗೆ ಮಾರಾಟ' ಅಂತ ಬರೆದಿದೆ. ಇಲ್ಲದ್ದು ಇಲ್ಲದ ಹಾಗೆ ಅನ್ನುವುದೂ ಅದರಲ್ಲೇ ಸೇರಿದೆ ಅಂತ ತಿಳಿದುಕೊಳ್ಳದೇ ಹೋದದ್ದು ನಿಮ್ಮ ದಡ್ಡತನ. ದೂರು ಕೊಡಲು ಗಡುವು ಇತ್ತು, ನಿಜ. 'ಪತ್ರ ಹಿಂದಿನಿಂದ ಬರುತ್ತೆ' ಅಂತ ಅವರು ಸಮಾಧಾನ ಹೇಳುತ್ತಾ ಹೇಳುತ್ತಾ ಅದು ಮುಗಿದೇ ಹೋಯಿತು.

ಈ ಕಾಗದದ ಹುಚ್ಚು ಸುಮ್ನೆ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಆಟಗಾರರು ಹಾಕಿದ ಸಹಿಗಿಂತ ಆಟಗಾರರು ಹಾಕದ ಸಹಿಯ ಉತ್ಪಾದನೆ ಜೋರಾಗಿತ್ತು. ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ಶುರು ಮಾಡಿ, 1999ರಲ್ಲಿ ಒಂದು ದೊಡ್ಡ ಜಾಲದ ಮೇಲೆ ಬಿತ್ತು. ಸಿಕ್ಕಿದ ಮಾಲಿನಲ್ಲಿ ಮದರ್ ತೆರೇಸಾ ಸಹಿ ಇದ್ದ ಬೇಸ್‌ಬಾಲ್ ಕೂಡ ಇತ್ತು. ಹೌದು, ಮದರ್ ತೆರೇಸಾ. ಅವರು ಯಾವ ತಂಡದಲ್ಲಿದ್ದರು, ಬೌಲಿಂಗ್ ಎಡಗೈಯೋ ಬಲಗೈಯೋ ಅಂತ ಕೊಳ್ಳುವವರು ಕೇಳುವುದಿಲ್ಲ ಅನ್ನುವ ಧೈರ್ಯ ಮಾರುವವರಿಗೆ ಇತ್ತು ನೋಡಿ, ಅದನ್ನು ಮೆಚ್ಚಬೇಕು. ಆ ಜಾಲದವರಿಗೆ ಪ್ರಮಾಣಪತ್ರದ ಬರವೂ ಇರಲಿಲ್ಲ. ಸಹಿಯನ್ನೇ ನಕಲು ಮಾಡುವ ಕೈಗೆ ಪತ್ರ ಯಾವ ಲೆಕ್ಕ?

ಅದೇ ಕಾಲದಲ್ಲಿ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ಬೇಸ್‌ಬಾಲ್ ತಂಡದ ಆಟಗಾರ ಟೋನಿ ಗ್ವಿನ್ ತಮ್ಮದೇ ತಂಡದ ಅಂಗಡಿಯಲ್ಲಿ ತಮ್ಮ ಹೆಸರಿನ ಸಹಿಗಳನ್ನು ನೋಡಿ, 'ಇದು ನಾನು ಹಾಕಿದ್ದಲ್ಲ' ಅಂದರು. ಕೊನೆಗೆ 2001ರಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತನ್ನದೇ ವ್ಯವಸ್ಥೆ ಮಾಡಿಕೊಂಡಿತು. ಪಂದ್ಯ ನಡೆಯುವಲ್ಲೇ ಸಾಕ್ಷಿಗಳು ಕೂರುತ್ತಾರೆ. ಅವರಲ್ಲಿ ಹೆಚ್ಚಿನವರು ಪೊಲೀಸ್ ಕೆಲಸದಲ್ಲಿ ಇರುವವರು ಅಥವಾ ಇದ್ದವರು. ಚೆಂಡು ಮೈದಾನದಿಂದ ಹೊರಗೆ ಬಂದ ಕೂಡಲೇ ಅದಕ್ಕೆ ನಂಬರ್ ಇರುವ ಹೊಲೋಗ್ರಾಮ್ ಅಂಟಿಸುತ್ತಾರೆ. ಇದು ಒಳ್ಳೆಯ ಕೆಲಸ, ಇದನ್ನು ಗೇಲಿ ಮಾಡಲಾರೆ. ಪೊಲೀಸರ ಕಣ್ಗಾವಲಿನಲ್ಲಿ ಓಡಾಡುವ ಚೆಂಡನ್ನು ನೋಡಿ ಸ್ವಲ್ಪ ನಗು ಬಂದರೆ ಕ್ಷಮೆ ಇರಲಿ.

ಗೇಲಿಗೆ ಅರ್ಹವಾದದ್ದು ಉಳಿದ ಕಾಗದ. ಅದರಲ್ಲಿ ಒಂದು ಬಗೆಯನ್ನು ಮಾರುವವರೇ ತಮ್ಮ ಪ್ರಿಂಟರಿನಲ್ಲಿ ಅಚ್ಚು ಹಾಕಿಕೊಳ್ಳುತ್ತಾರೆ. 'ನಾನು ಸುಳ್ಳು ಹೇಳುತ್ತಿಲ್ಲ ಅಂತ ನಾನೇ ಹೇಳುತ್ತಿದ್ದೇನೆ' ಅನ್ನುವುದು ಅದರ ಸಾರಾಂಶ. ಅಂಚಿಗೆ ಚಿನ್ನದ ಬಣ್ಣದ ಬಳ್ಳಿ ಇದ್ದರೆ ನಂಬಿಕೆ ಇನ್ನೂ ಜಾಸ್ತಿ. ಇನ್ನೊಂದು ಬಗೆ ಪರಿಣಿತರದ್ದು. ಅವರು ಸಹಿಯನ್ನು ಹಳೆಯ ಸಹಿಗಳ ಪಕ್ಕ ಇಟ್ಟು ನೋಡಿ ಅಭಿಪ್ರಾಯ ಕೊಡುತ್ತಾರೆ. ಗಮನಿಸಿ, ಅಭಿಪ್ರಾಯ. ತಪ್ಪಾದರೆ 'ಅಭಿಪ್ರಾಯ ತಾನೇ' ಅನ್ನಬಹುದು. ಆಟಗಾರ ನಿಮ್ಮ ಕಣ್ಣೆದುರೇ, ನಿಮ್ಮದೇ ಪೆನ್ನಿನಲ್ಲಿ ಸಹಿ ಹಾಕಿದ್ದರೂ ಅವರು 'ಹೋಲುವುದಿಲ್ಲ' ಅಂತ ವಾಪಸ್ ಕಳಿಸಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಈ ಪೂಜಾರಿಯ ಶುಲ್ಕ ವರ ಸಿಕ್ಕದಿದ್ದರೂ ಮರಳಿ ಬರುವುದಿಲ್ಲ.

ಪರಿಣಿತರ ಕಾಗದದ ಮಹಿಮೆ ತಿಳಿಯಬೇಕಾದರೆ ಹೊನಸ್ ವ್ಯಾಗ್ನರ್ ಕಾರ್ಡಿನ ಕಥೆ ಕೇಳಬೇಕು. ನೂರು ವರ್ಷಕ್ಕೂ ಹಳೆಯ, ಸಿಗರೇಟ್ ಪ್ಯಾಕಿನಲ್ಲಿ ಬರುತ್ತಿದ್ದ, ಬೇಸ್‌ಬಾಲ್ ಆಟಗಾರ ವ್ಯಾಗ್ನರ್ ಚಿತ್ರವಿದ್ದ ಕಾರ್ಡ್ ಅದು. ಅಂಥ ಒಂದನ್ನು ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್‌ಸ್ಕಿ ಮತ್ತು ಅವರ ಪಾಲುದಾರರು 1991ರಲ್ಲಿ 4,51,000 ಡಾಲರ್ ಕೊಟ್ಟು ಹರಾಜಿನಲ್ಲಿ ಕೊಂಡರು. ಆಗಷ್ಟೇ ಶುರುವಾಗಿದ್ದ ಪಿಎಸ್‌ಎ ಎಂಬ ಸಂಸ್ಥೆ ಅದನ್ನು ಪರೀಕ್ಷಿಸಿ ಹತ್ತಕ್ಕೆ ಎಂಟು ಅಂಕ ಕೊಟ್ಟಿತು. ಪ್ರಮಾಣಪತ್ರದ ಸಂಖ್ಯೆ 1. ಅಂಚು ಇಷ್ಟು ನೀಟಾಗಿ ಉಳಿದದ್ದು ಹೇಗೆ ಅಂತ ಎಲ್ಲರಿಗೂ ಬೆರಗು. 2007ರಲ್ಲಿ ಅದೇ ಕಾರ್ಡ್ 28 ಲಕ್ಷ ಡಾಲರಿಗೆ ಹೋಯಿತು. 2013ರಲ್ಲಿ, ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೊ ಕೋರ್ಟಿನಲ್ಲಿ ಬೆರಗಿಗೆ ಉತ್ತರ ಕೊಟ್ಟರು: ಅಂಚನ್ನು ನಾನೇ ಕತ್ತರಿಸಿದ್ದೆ. ಅಂದರೆ ಮೊಟ್ಟಮೊದಲ ನಂಬರಿನ ಪತ್ರವೇ ಕತ್ತರಿ ಬಿದ್ದ ಕಾರ್ಡಿಗೆ ಹೋಗಿತ್ತು. ಬೋಣಿಗೆಯೇ ಹೀಗೆ.

ಇನ್ನು ಮರಡೋನಾ ಅಂಗಿ. 1986ರ ಜೂನ್ 22ರಂದು ಇಂಗ್ಲೆಂಡ್ ವಿರುದ್ಧ ಅವರು ಕೈಯಿಂದ ಗೋಲು ಹೊಡೆದರು. ರೆಫರಿಗೆ ಬಿಟ್ಟು ಮಿಕ್ಕವರಿಗೆಲ್ಲ ಕಾಣಿಸಿತು. 2022ರಲ್ಲಿ ಆ ಅಂಗಿ 71 ಲಕ್ಷ ಪೌಂಡಿಗೆ ಮಾರಾಟವಾಯಿತು. ಹರಾಜಿಗೆ ಮುಂಚೆ ಮರಡೋನಾ ಮಗಳು 'ಅದು ಮೊದಲ ಅರ್ಧದ ಅಂಗಿ, ಗೋಲು ಹೊಡೆದದ್ದು ಎರಡನೇ ಅರ್ಧದಲ್ಲಿ' ಅಂತ ತಕರಾರು ತೆಗೆದರು. ಪರಿಣಿತರು ಪಂದ್ಯದ ಫೋಟೋ ಜೊತೆ ಅಂಗಿಯ ಲಾಂಛನ, ಪಟ್ಟೆ, ನಂಬರ್ ಎಲ್ಲ ತಾಳೆ ನೋಡಿ ಇದೇ ಅಂದರು. ಗೋಲು ಮೋಸದ್ದಾದರೂ ಪರವಾಗಿಲ್ಲ, ಅದನ್ನು ಹೊಡೆದಾಗ ತೊಟ್ಟ ಅಂಗಿಯಲ್ಲಿ ಮೋಸ ಇರಬಾರದು! (ಫೋಟೋ ತಾಳೆಯಲ್ಲಿ ಕೊಳೆ, ಕಲೆ, ಹರಕು ಎಲ್ಲವೂ ಸಾಕ್ಷಿ. ಹಾಗಾಗಿ ಸಂಗ್ರಹಕಾರರ ಮನೆಯಲ್ಲಿ ಒಗೆಯುವ ಅಭ್ಯಾಸ ಇರುವವರನ್ನು ಅಂಗಿಯ ಹತ್ತಿರ ಬಿಡಬೇಡಿ.)

ಈಗ ನಿಮ್ಮ ಬ್ಯಾಟಿಗೆ ಬರೋಣ. ದಾರಿ ಇಲ್ಲದೆ ಇಲ್ಲ. ಅದನ್ನು ಇನ್ನೊಮ್ಮೆ ಪೆಟ್ಟಿಗೆಗೆ ಹಾಕಿ, ವಿಮೆ ಮಾಡಿಸಿ, ಶುಲ್ಕ ಮೊದಲೇ ಕಟ್ಟಿ ಪರಿಣಿತರಿಗೆ ಕಳಿಸಬಹುದು. ಅವರು ಮೊದಲಿಗೆ ಕೇಳುವುದು, 'ಇದರ ಹಳೆಯ ಪತ್ರ ಇದೆಯಾ?' ಇಲ್ಲ ಅಂದರೆ ಹುಬ್ಬು ಏರುತ್ತದೆ. ಪತ್ರ ಇಲ್ಲದ ಬ್ಯಾಟಿಗೆ ಪತ್ರ ಬೇಕಾದರೆ ಪತ್ರ ಇದ್ದರೆ ಅನುಕೂಲ. ಮೂಲ ಮಾಲೀಕರ ಹೆಸರು ಹೇಳಿ ಅಂತಾರೆ. ಹರಾಜು ಸಂಸ್ಥೆ ಹೇಳುವುದಿಲ್ಲ, ಯಾಕಂದರೆ ಗುಟ್ಟು. ಕೊನೆಗೆ ಒಂದು ಸಾಲಿನ ತೀರ್ಪು: 'ಖಚಿತವಾಗಿ ಹೇಳಲಾಗದು.' ಈ ಸಾಲನ್ನು ಮಾತ್ರ ತುಂಬಾ ಚಂದದ ಕಾಗದದಲ್ಲಿ, ಮೊಹರು ಹಾಕಿ ಕಳಿಸುತ್ತಾರೆ.

ಬೇಜಾರಾಗಬೇಡಿ, ಹರಾಜಿನ ಪಟ್ಟಿಗಳನ್ನು ನೋಡುತ್ತಾ ಇರಿ. ಬ್ಯಾಟಿನಿಂದ ಅಗಲಿದ ಪತ್ರಗಳೂ ಈ ಪೇಟೆಯಲ್ಲಿ ಓಡಾಡುತ್ತವೆ. ಯಾವುದಾದರೂ ಬ್ಯಾಟಿಗೆ ಜೋಡಿಸಿದರೆ ಆಯಿತಲ್ಲ, ಅದಕ್ಕೂ ಗಿರಾಕಿಗಳಿದ್ದಾರೆ. ನಿಮ್ಮದೇ ಪತ್ರ ಒಂದು ದಿನ ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ: 'ಅಪರೂಪದ ಪ್ರಮಾಣಪತ್ರ, ಒಳ್ಳೆಯ ಸ್ಥಿತಿ. ಬ್ಯಾಟ್ ಕಾಣೆಯಾಗಿದೆ. ಇದ್ದದ್ದು ಇದ್ದ ಹಾಗೆ ಮಾರಾಟ.' ಕೂಗಿ. ಪ್ರೀಮಿಯಂ ಬೇರೆ.