ಲ್ಯಾಮಿನೇಷನ್ ಮಾಡಿಸಿದ ರಾಜಿ

ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ಊಟ ಮುಗಿಸಿದರೂ ಸಿಟ್ಟು ಇಳಿದಿಲ್ಲ. ಬರೆದು ಹಾಕಿದರಾದರೂ ನಿದ್ದೆ ಬರುತ್ತೇನೋ ನೋಡೋಣ. ಉದ್ದ ಆಗುತ್ತೆ. ತಾಳ್ಮೆ ಇಲ್ಲದವರು ಸುಮ್ನೆ ಲೈಕ್ ಒತ್ತಿ ಮುಂದೆ ಹೋಗಿ, ನನಗೇನೂ ಬೇಜಾರಿಲ್ಲ.

ಕುಮಟೆಯ ನನ್ನ ಝೆರಾಕ್ಸ್ ಅಂಗಡಿ ನಿಮಗೆ ಗೊತ್ತೇ ಇದೆ. ಪಹಣಿ, ಆಧಾರ್, ಪಾಸ್‌ಪೋರ್ಟ್ ಫೋಟೋ, ಜಾತಕದ ಕಲರ್ ಪ್ರಿಂಟ್. ಈಚೆಗೆ ಎರಡು ಮೂರು ವರ್ಷದಿಂದ ಹೊಸದೊಂದು ಸೇರಿದೆ. "ಒಂದು ಸಿಬಿಲ್ ತೆಗೆದುಕೊಡಿ" ಅಂತ ಬರುತ್ತಾರೆ. ಅಂದರೆ ಯಾರು ಸಾಲ ಹೇಗೆ ಕಟ್ಟಿದ್ದಾರೆ ಅಂತ ಅಂಕ ಹಾಕಿ ತೋರಿಸೋ ಕ್ರೆಡಿಟ್ ರಿಪೋರ್ಟ್. ಬೈಕ್ ತಗೊಳ್ಳೋ ಹುಡುಗರಿಂದ ಹಿಡಿದು ಕೊಟ್ಟಿಗೆ ಕಟ್ಟಿಸೋ ಮುದುಕರವರೆಗೆ. ಊರಿನ ಅರ್ಧ ಜನರ ಸ್ಕೋರ್ ನನ್ನ ತಲೆಯಲ್ಲಿದೆ. ಹೆದರಬೇಡಿ, ಯಾರದ್ದೂ ಹೇಳೋದಿಲ್ಲ.

ಇವತ್ತು ಬೆಳಿಗ್ಗೆ ಹನ್ನೊಂದರ ಹೊತ್ತು, ಹೊಡೆದು ಸುರಿಯುವ ಮಳೆ. ತದಡಿ ಕಡೆಯ ಅಣ್ಣ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಸಣ್ಣ ಎಂಜಿನ್ ಬೋಟು ಇಟ್ಟುಕೊಂಡವರು. ಈಗ ಮೀನುಗಾರಿಕೆ ಬಂದ್, ಹಾಗಾಗಿ ಪೇಟೆ ಕೆಲಸಕ್ಕೆ ಪುರುಸೊತ್ತು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ. ಶಿಕ್ಷಣ ಸಾಲಕ್ಕೆ ಅಪ್ಪನ ಸಹಿಯೂ ಬೇಕು. ಬ್ಯಾಂಕಿನವರು ಅಪ್ಪನ ಪಾನ್ ನಂಬರ್ ಹಾಕಿ ನೋಡಿದರಂತೆ, ತಲೆ ಅಲ್ಲಾಡಿಸಿದರಂತೆ.

"ಹೆಗ್ಡೇರೆ, ಇದ್ ತೋರ್ಸಿದ್ರೂ ಒಪ್ಪುದಿಲ್ಲ ಅಂದ್ರು" ಅಂತ ಪ್ಲಾಸ್ಟಿಕ್ ಚೀಲದಿಂದ ಒಂದು ಹಾಳೆ ತೆಗೆದು ಕೌಂಟರ್ ಮೇಲಿಟ್ಟರು. ಲೋಕ ಅದಾಲತ್ತಿನ ರಾಜಿ ಆದೇಶ. ನ್ಯಾಯಾಧೀಶರ ಸಹಿ, ಸೀಲು, ಬ್ಯಾಂಕಿನ ವಕೀಲರ ಸಹಿ, ಕೆಳಗೆ ಅಣ್ಣನ ಸಹಿ. ಎಲ್ಲ ಇದೆ. ಮೇಲೆ ದಪ್ಪ ಲ್ಯಾಮಿನೇಷನ್ ಬೇರೆ.

ಕಥೆ ಇಷ್ಟೇ. 2018ರಲ್ಲಿ ಎಂಜಿನ್ನಿಗೆ ಮತ್ತು ಬಲೆಗೆ ಸಾಲ ಮಾಡಿದ್ದರು. ಒಂದು ವರ್ಷ ಕಂತು ಸರಿಯಾಗಿ ಹೋಯಿತು. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಬಂತಲ್ಲ, ಎಲ್ಲೆಲ್ಲಿಯ ಬೋಟುಗಳೋ ಕಾರವಾರದ ಬಂದರಿಗೆ ಓಡಿ ಬಂದಿದ್ದವಲ್ಲ, ಆಗ ಇವರ ಬಲೆ ಹೋಯಿತು. ಮರುವರ್ಷ ಲಾಕ್‌ಡೌನ್. ಮೀನು ಇದ್ದರೂ ಕೊಳ್ಳುವವರಿಲ್ಲ. ಕಂತು ನಿಂತಿತು. 2021ರಲ್ಲಿ ಬ್ಯಾಂಕ್ ದಾವೆ ಹಾಕಿತು. 2023ರಲ್ಲಿ ಅದಾಲತ್ತಿಗೆ ಬನ್ನಿ ಅಂತ ನೋಟಿಸ್. ಬ್ಯಾಂಕ್ ಕೇಳಿದ್ದು 2,86,000. ರಾಜಿ ಆದದ್ದು 1,95,000ಕ್ಕೆ, ಮೂರು ಕಂತು. ಹೆಂಡತಿಯ ಸರ ಅಡವಿಟ್ಟು, ಭಾವನ ಹತ್ತಿರ ಕೈಗಡ ತಂದು, ಒಂದು ದಿನವೂ ತಡ ಮಾಡದೆ ಕಟ್ಟಿದರು. 2024ಕ್ಕೆ ಪೂರ್ತಿ ಚುಕ್ತಾ.

ಚುಕ್ತಾ ಅಂತ ಅಂದುಕೊಂಡದ್ದು ಅವರು ಮತ್ತು ನಾನು.

ರಿಪೋರ್ಟ್ ತೆಗೆದೆ. ಹದಿನಾಲ್ಕು ಪುಟ. 300ರಿಂದ 900ರವರೆಗೆ ಇರುವ ಸ್ಕೋರಿನಲ್ಲಿ ಅಣ್ಣನದ್ದು 612. ಸಾಲದ ಸ್ಥಿತಿ: ಸೆಟಲ್ಡ್, ಅಂದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು. ದಾವೆ ಹಾಕಿದ್ದು ಇನ್ನೂ ಹಾಗೇ ಇದೆ: ಸೂಟ್ ಫೈಲ್ಡ್. ಕಂತಿನ ಚೌಕಗಳಲ್ಲಿ ತಿಂಗಳು ತಿಂಗಳೂ ಡಿಬಿಟಿ, ಡಿಬಿಟಿ, ಡಿಬಿಟಿ. ಅಣ್ಣ ಬಗ್ಗಿ ನೋಡಿ, "ಇದೆಂತ, ಗೃಹಲಕ್ಷ್ಮಿ ದುಡ್ಡು ಬತ್ತದಲ್ಲ, ಅದ್ರಾ?" ಅಂದರು. ನಗು ಬಂತು, ಆಮೇಲೆ ಬರಲಿಲ್ಲ. ಅದು ಡೌಟ್‌ಫುಲ್ ಅಂತ. ವಾಪಸ್ ಬರೋದು ಅನುಮಾನ ಅನ್ನೋ ಸಾಲ. ಮೂರಕ್ಷರ ಅವವೇ. ಒಂದು ಕಡೆ ಸರ್ಕಾರ ದುಡ್ಡು ಕೊಟ್ಟ ಗುರುತು, ಇನ್ನೊಂದು ಕಡೆ ಮನುಷ್ಯನನ್ನು ನಂಬೋದು ಕಷ್ಟ ಅನ್ನೋ ಗುರುತು.

ಮಗಳು ಇಂಗ್ಲಿಷ್ ಓದುತ್ತಾಳೆ. ಆ ಸಾಲಿನ ತಲೆಬರಹ "ಸೂಟ್ ಫೈಲ್ಡ್ / ವಿಲ್‌ಫುಲ್ ಡಿಫಾಲ್ಟ್" ಅಂತ ಇರುತ್ತೆ. ಅವಳು ಅದರ ಮೇಲೆ ಬೆರಳಿಟ್ಟು, "ವಿಲ್‌ಫುಲ್ ಅಂದ್ರೆ ಬೇಕಂತಲೇ ಅಲ್ವಾ ಅಂಕಲ್?" ಅಂತ ಮೆಲ್ಲಗೆ ಕೇಳಿದಳು. ಅಲ್ಲ ಮಗಳೇ, ಅದು ತಲೆಬರಹ ಮಾತ್ರ, ನಿನ್ನ ಅಪ್ಪನ ಮುಂದೆ ಸೂಟ್ ಫೈಲ್ಡ್ ಅಂತಷ್ಟೇ ಇದೆ ಅಂತ ವಿವರಿಸಿದೆ. ಅವಳು ತಲೆಯಾಡಿಸಿದಳು. ಅಪ್ಪನ ಮುಖ ನೋಡಲಿಲ್ಲ.

ಈಗ ನನ್ನ ಪ್ರಶ್ನೆ. ಅದಾಲತ್ತಿನ ರಾಜಿ ಅಂದರೆ ಹುಡುಗಾಟವಾ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿಗೆ ಸಮ. ಅದರ ಮೇಲೆ ಅಪೀಲು ಕೂಡ ಇಲ್ಲ. ಅಪೀಲೇ ಇಲ್ಲದ ಆದೇಶವನ್ನು ಒಂದು ಕಂಪ್ಯೂಟರ್ ಚೌಕ ಕಡೆಗಣಿಸಿ ಕೂತಿದೆ ಅಂದರೆ ಏನು ಹೇಳೋಣ?

ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ನಮ್ಮಲ್ಲಿ ಕೋರ್ಟು ಕ್ರೆಡಿಟ್ ರಿಪೋರ್ಟಿಗೆ ಏನೂ ಕಳಿಸೋದಿಲ್ಲ. ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಬ್ಯಾಂಕ್ ಬರೆದು ಕಳಿಸಿದ್ದನ್ನು ಅವು ಇಟ್ಟುಕೊಳ್ಳುತ್ತವೆ, ಬ್ಯಾಂಕ್ ಒಪ್ಪದೆ ತಾವಾಗಿ ಅಳಿಸೋ ಹಾಗಿಲ್ಲ. ದಾವೆ ಹಾಕಿದ್ದನ್ನು ಹೇಳಿದವರು ಬ್ಯಾಂಕಿನವರು. ದಾವೆ ಮುಗಿದದ್ದನ್ನು ಹೇಳಬೇಕಾದವರೂ ಅವರೇ. ಮೊದಲನೆಯದಕ್ಕೆ ಎಷ್ಟು ಚುರುಕು, ಎರಡನೆಯದಕ್ಕೆ ಎಷ್ಟು ನಿದ್ದೆ! 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಅಣ್ಣನ ಲೆಕ್ಕದಲ್ಲಿ ಅಂಥ ಹದಿನೈದು ದಿನ ಎಷ್ಟು ಕಳೆದವೋ, ಪಂಚಾಂಗ ತೆಗೆದು ನೋಡಬೇಕು.

ಸರಿ, ಅದು ನಿರ್ಲಕ್ಷ್ಯ ಅಂತ ಇಟ್ಟುಕೊಳ್ಳೋಣ. ನನ್ನ ನೆತ್ತಿಗೆ ಹತ್ತಿದ್ದು ಬೇರೆ. ನಾನು ಅಣ್ಣನ ಜೊತೆ ಹಳೇ ಸಾಲ ಕೊಟ್ಟ ಬ್ಯಾಂಕಿಗೆ ಹೋದೆ. ಕೊಡೆ ಹಿಡಿದರೂ ಅರ್ಧ ಒದ್ದೆ. ಅಲ್ಲಿಯ ಸಾಹೇಬರು ಮರ್ಯಾದೆಯಿಂದಲೇ ಮಾತಾಡಿದರು, ಸುಳ್ಳು ಹೇಳಬಾರದು. ಸೂಟ್ ಫೈಲ್ಡ್ ತೆಗೆಸೋಣ, ಅರ್ಜಿ ಕೊಡಿ ಅಂದರು. "ಸೆಟಲ್ಡ್ ಅಂತ ಇರೋದು ಮಾತ್ರ ಹಾಗೇ ಇರುತ್ತೆ. ಅದು ಕ್ಲೋಸ್ಡ್ ಆಗ್ಬೇಕು ಅಂದ್ರೆ ಬಿಟ್ಟ ದುಡ್ಡು ಕಟ್ಟಬೇಕಾಗ್ತದೆ."

ಬಿಟ್ಟ ದುಡ್ಡು ಅಂದರೆ 91,000. ಕೋರ್ಟಿನ ಮುಂದೆ, ತಮ್ಮ ವಕೀಲರ ಸಹಿ ಹಾಕಿ, ಇನ್ನು ಕೇಳೋದಿಲ್ಲ ಅಂತ ಬಿಟ್ಟ ದುಡ್ಡು. ಈಗ ಅದನ್ನು ಯಾರೂ ಕೇಳುತ್ತಿಲ್ಲ ಮಾರಾಯ್ರೇ, ಬಲವಂತವೇ ಇಲ್ಲ. ಮಗಳು ಓದಬೇಕಾ, ನೀವೇ ಯೋಚನೆ ಮಾಡಿ ಅಷ್ಟೇ. ಮುಂಬಾಗಿಲಲ್ಲಿ ಮನ್ನಾ, ಹಿತ್ತಲ ಬಾಗಿಲಲ್ಲಿ ವಸೂಲಿ.

ಅದಾಲತ್ತಿನ ದಿನ ಏನು ಹೇಳುತ್ತಾರೆ ನೆನಪಿದೆಯಾ? ಬ್ಯಾನರ್ ನೋಡಿದ್ದೀರಲ್ಲ. ರಾಜಿ ಮಾಡಿಕೊಳ್ಳಿ, ಸಮಯ ಉಳಿಸಿ, ದುಡ್ಡು ಉಳಿಸಿ, ಇಬ್ಬರೂ ಗೆದ್ದ ಹಾಗೆ. ಇಬ್ಬರೂ ಗೆದ್ದದ್ದು ಹೌದಾ? ಅದಾಲತ್ತಿನಲ್ಲಿ ರಾಜಿಯಾದರೆ ದಾವೆ ಹಾಕಿದವರಿಗೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತೆ. ಬ್ಯಾಂಕಿಗೆ ಫೀ ವಾಪಸ್, 1,95,000 ಕೈಗೆ, ಫೈಲು ಕಟ್ಟಿ ಕಪಾಟಿಗೆ. ಅಣ್ಣನಿಗೆ ಸಿಕ್ಕಿದ್ದು "ಸೆಟಲ್ಡ್" ಅನ್ನೋ ಪದವಿ. ಇಂಥ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮವಿದೆ. ಅಷ್ಟರಲ್ಲಿ ಮಗಳ ಓದು, ಮದುವೆ, ಬಾಣಂತನ ಎಲ್ಲ ಮುಗಿದಿರುತ್ತೆ.

ಮಧ್ಯಾಹ್ನ ನನ್ನ ಭಾವನಿಗೆ ಫೋನ್ ಹಾಕಿದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯಾಗಿ ಈಗ ಶಿರಸಿಯಲ್ಲಿ ತೋಟ ನೋಡಿಕೊಂಡಿರುವವರು. "ನೀವು ಒಂದೇ ಕಡೆಯಿಂದ ನೋಡ್ತೀರಿ" ಅಂದರು. "91,000 ಬಿಟ್ಟದ್ದು ನಿಜ ತಾನೇ? ಅದು ಯಾರದ್ದೋ ಠೇವಣಿ ದುಡ್ಡು. ಮುಂದೆ ಸಾಲ ಕೊಡುವವನಿಗೆ ಗೊತ್ತಾಗಬಾರದಾ?" ಮಾತು ಸರಿಯೇ. ನನ್ನ ಅಮ್ಮನ ಠೇವಣಿಯೂ ಬ್ಯಾಂಕಿನಲ್ಲೇ ಇದೆ. ಸಾಲ ತಗೊಂಡು ಊರು ಬಿಟ್ಟವರನ್ನೂ ನೋಡಿದ್ದೇನೆ, ಅಂಥವರ ಹೆಸರು ಬರೆಯಲಿ, ದಪ್ಪಕ್ಷರದಲ್ಲೇ ಬರೆಯಲಿ. ಒಂದು ಕೋಟಿ ಮೇಲ್ಪಟ್ಟ ದಾವೆಗಳ ಪಟ್ಟಿ, 25 ಲಕ್ಷ ಮೇಲ್ಪಟ್ಟ ಬೇಕಂತಲೇ ಕಟ್ಟದವರ ಪಟ್ಟಿ ಯಾರು ಬೇಕಾದರೂ ನೋಡೋ ಹಾಗೆ ಇಂಟರ್ನೆಟ್ಟಿನಲ್ಲೇ ಇದೆ. ಒಂದು ರಾತ್ರಿ ಕೂತು ನೋಡಿ, ಸೊನ್ನೆ ಎಣಿಸೋದರಲ್ಲೇ ಬೆಳಗಾಗುತ್ತೆ. ಆದರೆ ಭಾವ, ರಾಜಿ ಮೇಜಿನ ಮುಂದೆ ಕೂರಿಸಿ ಸಹಿ ಹಾಕಿಸುವಾಗ ಇದನ್ನು ಹೇಳಬೇಕಾ ಬೇಡವಾ? "ಇದಕ್ಕೆ ಸಹಿ ಹಾಕಿದರೆ ಹೀಗಾಗುತ್ತೆ" ಅನ್ನೋಕೆ ಎಷ್ಟು ಹೊತ್ತು ಬೇಕು? ಭಾವ ಸ್ವಲ್ಪ ಸುಮ್ಮನಿದ್ದು, "ಅದು ವಕೀಲರು ಹೇಳ್ಬೇಕು" ಅಂದರು. ವಕೀಲರು ಬ್ಯಾಂಕಿನವರು ಅಂತಾರೆ. ಬ್ಯಾಂಕಿನವರು ರಿಪೋರ್ಟಿನವರು ಅಂತಾರೆ. ರಿಪೋರ್ಟಿನವರು ಬ್ಯಾಂಕ್ ಅಂತಾರೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೆ ಅಂತ ಕೇಳಿದ ಹಾಗೆ.

ತಂಗಿಯ ಮಗ ಲಂಡನ್ನಿನಲ್ಲಿದ್ದಾನೆ. ಸಿಟ್ಟಿನಲ್ಲಿ ಅವನಿಗೂ ಫೋನ್ ಮಾಡಿದೆ. ಅಲ್ಲಿ ಕೋರ್ಟಿನ ತೀರ್ಪು ನೇರ ಒಂದು ರಿಜಿಸ್ಟರಿಗೆ ಹೋಗುತ್ತಂತೆ, ರಿಪೋರ್ಟಿನಲ್ಲಿ ಆರು ವರ್ಷ ಕಾಣುತ್ತಂತೆ. ಆದರೆ ತೀರ್ಪು ಬಂದ ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಹೆಸರೇ ತೆಗೆಯುತ್ತಾರೆ. ಆಮೇಲೆ ಕಟ್ಟಿದರೆ ಕಟ್ಟಿದ್ದಾರೆ ಅಂತ ಪಕ್ಕದಲ್ಲಿ ಬರೆಯುತ್ತಾರೆ. ಕಠಿಣವೇ, ಆದರೆ ನಿಯಮ ಮೊದಲೇ ಗೊತ್ತು. ಅಮೆರಿಕದಲ್ಲಿ ಇನ್ನೂ ಬೇರೆ. ಅಲ್ಲಿಯ ಮೂರು ದೊಡ್ಡ ಕಂಪನಿಗಳು 2017ರ ಜುಲೈಯಿಂದ ಸಿವಿಲ್ ತೀರ್ಪುಗಳನ್ನು ರಿಪೋರ್ಟಿನಿಂದಲೇ ತೆಗೆಯತೊಡಗಿದವು. ಕೋರ್ಟಿನ ದಾಖಲೆಯಲ್ಲಿ ಹೆಸರು, ವಿಳಾಸದ ಜೊತೆ ಹುಟ್ಟಿದ ದಿನವೋ ಸೋಶಿಯಲ್ ಸೆಕ್ಯುರಿಟಿ ನಂಬರೋ ಇರಬೇಕು, 90 ದಿನಕ್ಕೊಮ್ಮೆಯಾದರೂ ಹೊಸದಾಗಿ ತಾಳೆ ನೋಡಬೇಕು ಅಂತ ತಾವೇ ಒಪ್ಪಿಕೊಂಡರು. ಆ ಅಳತೆಗೆ ತೀರ್ಪುಗಳು ನಿಲ್ಲಲಿಲ್ಲ, ಹಾಗಾಗಿ ತೆಗೆದರು. ಸಾಲ ಕಟ್ಟದ ಕಲೆ ಅಲ್ಲೂ ಉಳಿಯುತ್ತೆ. ದಿವಾಳಿಯಂತೂ ಹತ್ತು ವರ್ಷದವರೆಗೂ ಉಳಿಯಬಹುದು. ಆದರೆ ತಾಳೆ ನೋಡದ ಕೋರ್ಟ್ ವಿಷಯ ಬರೆಯೋದು ಬೇಡ ಅನ್ನೋ ಬುದ್ಧಿ ಬಂತಲ್ಲ. ನಮ್ಮಲ್ಲಿ ತಾಳೆ ನೋಡೋಕೆ ನ್ಯಾಯಾಧೀಶರ ಸೀಲೇ ಕೈಯಲ್ಲಿದೆ, ನೋಡೋರಿಲ್ಲ.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ಹೇಳದಿದ್ದರೆ ತಪ್ಪಾಗುತ್ತೆ. ಆ ಲ್ಯಾಮಿನೇಷನ್ ಮಾಡಿದ್ದು ನಾನೇ. 2024ರಲ್ಲಿ ಕೊನೆ ಕಂತು ಕಟ್ಟಿ ಅಣ್ಣ ಸೀದಾ ನನ್ನ ಅಂಗಡಿಗೆ ಬಂದಿದ್ದರು. ಆದೇಶ ಒಂದು, ರಸೀದಿ ಒಂದು. "ಇನ್ನೆಂತ ಮಾಡುದು ಇಲ್ಲವಲ್ಲ ಹೆಗ್ಡೇರೆ?" ಅಂತ ಕೇಳಿದ್ದರು. "ಎಂತದೂ ಇಲ್ಲ, ಮುಗೀತು, ಜೋಪಾನವಾಗಿ ಇಟ್ಕೊಳ್ಳಿ" ಅಂದಿದ್ದೆ. ನಲವತ್ತು ರೂಪಾಯಿ ತಗೊಂಡಿದ್ದೆ. ದಿನಕ್ಕೆ ನಾಲ್ಕು ಜನರ ರಿಪೋರ್ಟ್ ತೆಗೆಯುವವ ನಾನು. ಅವತ್ತೇ ಒಂದು ಸಲ ತೆಗೆದು ನೋಡಬಹುದಿತ್ತು. ಒಂದೊಂದು ಕಂಪನಿಯೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಬಿಟ್ಟಿ ಕೊಡಬೇಕು, 2017ರಿಂದ ಇರುವ ನಿಯಮ. ಬಿಟ್ಟಿಯದ್ದನ್ನೂ ನಾನು ನೋಡಲಿಲ್ಲ. ಇವತ್ತು ಬ್ಯಾಂಕಿನ ಸಾಹೇಬರು ಪ್ರತಿಯ ಮೇಲೆ ಸೀಲು ಹಾಕೋಕೆ ಹೋದಾಗ ಝೆರಾಕ್ಸಿನಲ್ಲಿ ಲ್ಯಾಮಿನೇಷನ್ನಿನ ಬಿಳಿ ಗೆರೆ ನ್ಯಾಯಾಧೀಶರ ಸಹಿಯ ಮೇಲೆಯೇ ಹಾದು ಹೋಗಿತ್ತು. ಯಾರ ಮುಖ ನೋಡಲಿ?

ಮಗಳ ಸಾಲಕ್ಕೆ ಇನ್ನೊಂದು ಆಸೆ ಇದೆ. ಸ್ಕೋರ್ ಕಡಿಮೆ ಅನ್ನೋದೊಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಅದನ್ನೂ ಪ್ರಿಂಟ್ ತೆಗೆದು ಕೊಟ್ಟಿದ್ದೇನೆ. ಆದರೆ ಅದೂ ಕೋರ್ಟಿನ ಕಾಗದವೇ ಅಲ್ವಾ. ಕೋರ್ಟಿನ ಕಾಗದಕ್ಕೆ ಎಷ್ಟು ಬೆಲೆ ಅಂತ ಈಗಷ್ಟೇ ನೋಡಿ ಬಂದ ಮನುಷ್ಯನ ಕೈಗೆ ಇನ್ನೊಂದು ಕೊಡುವಾಗ ನನಗೇ ನಾಚಿಕೆ ಆಯಿತು.

ಅದಾಲತ್ತಿನ ನೋಟಿಸ್ ಬಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅಥವಾ ನಿಮ್ಮ ಮನೆ ಕೆಲಸದವರು, ತೋಟದವರು ಇದ್ದರೆ, ಸಹಿ ಹಾಕುವ ಮೊದಲೇ ಕೇಳಿ: ರಿಪೋರ್ಟಿನಲ್ಲಿ ಏನು ಬರೆಯುತ್ತೀರಿ? ದಾವೆ ತೆಗೆದ ಮಾಹಿತಿ ಯಾವತ್ತು ಕಳಿಸುತ್ತೀರಿ? ಅದನ್ನೂ ರಾಜಿ ಪತ್ರದಲ್ಲೇ ಬರೆಸಿ. ಕೊನೆ ಕಂತಿನ ದಿನವೇ ಬಾಕಿ ಇಲ್ಲ ಅನ್ನೋ ಪತ್ರ ಕೈಗೆ ಬರಲಿ. ಲ್ಯಾಮಿನೇಷನ್ ಬೇಡ. ನನ್ನ ವ್ಯಾಪಾರ ಹೋದರೂ ಪರವಾಗಿಲ್ಲ.

ಸಂಜೆ ಕೂತು ಆನ್‌ಲೈನಿನಲ್ಲಿ ತಕರಾರು ಹಾಕಿದ್ದೇವೆ. ಎರಡು ಸಲ ಕರೆಂಟ್ ಹೋಯಿತು, ಮೂರನೇ ಸಲಕ್ಕೆ ನಂಬರ್ ಬಂತು. ಮೂವತ್ತು ದಿನದಲ್ಲಿ ಸರಿಮಾಡದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮ ಇದೆ ಅಂತ ಅಣ್ಣನಿಗೆ ಹೇಳಿದೆ. ಅವರು ಬೆರಳು ಮಡಚಿ ಎಣಿಸಿದರು. "ಅಷ್ಟ್ ಹೊತ್ತಿಗೆ ಬೋಟ್ ಇಳಿಸುಕ್ಕಾತದೆ" ಅಂದರು. ಅವಳ ಕಾಲೇಜಿನ ಫೀ ಕಟ್ಟುವ ಕೊನೆ ದಿನ ಅದಕ್ಕಿಂತ ಹನ್ನೊಂದು ದಿನ ಮೊದಲು.

ಪ್ರಿಂಟಿನ ದುಡ್ಡು ಬೇಡ ಅಂದೆ. ಕೇಳಲಿಲ್ಲ. ಒದ್ದೆಯಾದ ಇಪ್ಪತ್ತರ ನೋಟು ಎರಡು ಕೌಂಟರ್ ಮೇಲಿಟ್ಟು, "ಬಾಕಿ ಇಡುದ್ ಬೇಡ ಹೆಗ್ಡೇರೆ, ಅದೂ ಎಲ್ಲಾದ್ರೂ ಬರ್ದ್ಕಂಡ್ರೆ" ಅಂತ ನಕ್ಕು, ಮಗಳ ತಲೆ ಮೇಲೆ ಕೊಡೆ ಹಿಡಿದು ಹೊರಟರು.