ಗಂಟೆ ಹೊತ್ತಿಗೇ ಹೊಡೆಯಲಿ, ಗೇಟು ಮುಚ್ಚುವುದು ಬೇಡ

ಈ ಸಲದ ಫುಟ್‌ಬಾಲ್ ವಿಶ್ವಕಪ್ ಫೈನಲ್ 2026ರ ಜುಲೈ 19ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಅಲ್ಲಿ ಭಾನುವಾರ ಮಧ್ಯಾಹ್ನ ಮೂರು ಗಂಟೆಯಾದಾಗ ನಮಗೆ ಜುಲೈ 20ರ ಸೋಮವಾರ ಶುರುವಾಗಿ ಅರ್ಧ ಗಂಟೆ ಕಳೆದಿರುತ್ತದೆ. ಹೆಚ್ಚುವರಿ ಸಮಯ, ಪೆನಾಲ್ಟಿ ಎಂದು ಎಳೆದರೆ ಮುಗಿಯುವಾಗ ಬೆಳಗಿನ ಜಾವ ಮೂರು ದಾಟುತ್ತದೆ. ಮುಂಬೈಯ ನಮ್ಮ ಶಾಲೆಯ ಬೆಳಗಿನ ಪಾಳಿಯ ಗಂಟೆ ಏಳಕ್ಕೆ. ಹಾಗಾಗಿ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರವೇ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇಡಿಕೆ ಬಂದುಬಿಟ್ಟಿದೆ: ಆ ಸೋಮವಾರ ಶಾಲೆಯನ್ನು ಒಂಬತ್ತಕ್ಕೆ ಶುರು ಮಾಡಿ. ಅದರ ಕೆಳಗೆ ಸಾಲುಸಾಲು ಹೆಬ್ಬೆರಳು.

ನಾನು ಆ ಶಾಲೆಯಲ್ಲಿ ಗಣಿತ ಕಲಿಸುವವಳು. ಮಗ ಅದೇ ಶಾಲೆಯಲ್ಲಿ ಎಂಟನೆಯ ತರಗತಿ. ಶಿಕ್ಷಕರು, ಪೋಷಕರು ಎರಡೂ ಕಡೆಯವರು ನನ್ನನ್ನೇ ಕೇಳುತ್ತಾರೆ. ನಮ್ಮ ಸೊಸೈಟಿಯ ಮೂರನೆಯ ಮಹಡಿಯಲ್ಲಿರುವ ಊರಿನ ಕಡೆಯ ಅಣ್ಣ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, "ಟೀಚರ್, ಒಂದು ದಿನಕ್ಕೆ ಏನು ಮುಳುಗುತ್ತದೆ? ನೀವೊಂದು ಮಾತು ಹೇಳಿ" ಎನ್ನುತ್ತಾರೆ. ಲಿಫ್ಟಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳು ಪಂದ್ಯ ನೋಡಲಿ. ವಿಶ್ವಕಪ್ ಫೈನಲ್ ಬರುವುದು ನಾಲ್ಕು ವರ್ಷಕ್ಕೊಮ್ಮೆ, ಎಂಟನೆಯ ತರಗತಿಯ ಹುಡುಗನಿಗೆ ಮುಂದಿನ ಫೈನಲ್ ಹೊತ್ತಿಗೆ ಮೀಸೆ ಬಂದಿರುತ್ತದೆ. ಆದರೆ ಇಡೀ ಶಾಲೆಯನ್ನೇ ತಡವಾಗಿ ತೆರೆಯುವುದಕ್ಕೆ ನನ್ನ ವಿರೋಧವಿದೆ. ತಡವಾಗಿ ಬಂದ ಮಗುವನ್ನು ಗೇಟಿನ ಹೊರಗೆ ನಿಲ್ಲಿಸುವುದಕ್ಕೂ ಅಷ್ಟೇ ವಿರೋಧವಿದೆ.

ಮುಂಬೈಯಲ್ಲಿ ಬಹಳಷ್ಟು ಶಾಲೆಗಳಿಗೆ ಕಟ್ಟಡ ಒಂದು, ಪಾಳಿ ಎರಡು. ಬೆಳಿಗ್ಗೆ ಏಳರಿಂದ ಹನ್ನೆರಡೂವರೆವರೆಗೆ ದೊಡ್ಡ ಮಕ್ಕಳು ಕುಳಿತ ಬೆಂಚಿನ ಮೇಲೆಯೇ ಮಧ್ಯಾಹ್ನದಿಂದ ಸಂಜೆ ಆರರವರೆಗೆ ಚಿಕ್ಕವರು ಕೂರುತ್ತಾರೆ. ನಡುವೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಕಸ ಗುಡಿಸಿ, ನೀರಿನ ಟಾಕಿ ನೋಡಿ, ಹೊರಟ ಬಸ್ಸುಗಳ ಜಾಗಕ್ಕೆ ಬರುವ ಬಸ್ಸುಗಳನ್ನು ನಿಲ್ಲಿಸಬೇಕು. ಬೆಳಗಿನ ಪಾಳಿಯನ್ನು ಎರಡು ಗಂಟೆ ಮುಂದಕ್ಕೆ ತಳ್ಳಿದರೆ ಎರಡನೆಯ ಪಾಳಿಯ ಮಕ್ಕಳು ಎಲ್ಲಿಗೆ ಹೋಗಬೇಕು? ಫೈನಲ್ ನೋಡದೆ ಒಂಬತ್ತಕ್ಕೇ ಮಲಗಿದ ಎರಡನೆಯ ತರಗತಿಯ ಮಗು ಜುಲೈ ಮಳೆಯಲ್ಲಿ ರಾತ್ರಿ ಎಂಟಕ್ಕೆ ಮನೆ ಸೇರಬೇಕೆ? ಪಾಳಿಯ ಅವಧಿಯನ್ನೇ ಕತ್ತರಿಸಿ ಹೊತ್ತಿಗೆ ಬಿಡೋಣವೆಂದರೆ ಉಳಿಯುವುದು ಮೂರೂವರೆ ಗಂಟೆ. ಬಸ್ಸಿನವರ ಕಥೆ ಬೇರೆಯೇ. ಬಸ್ಸು ನಮ್ಮ ಮಕ್ಕಳನ್ನು ಇಳಿಸಿ ಇನ್ನೊಂದು ಶಾಲೆಯವರನ್ನು ಹತ್ತಿಸಿಕೊಳ್ಳಲು ಹೋಗುತ್ತದೆ. ಒಂಬತ್ತಕ್ಕೆ ಬನ್ನಿ ಎಂದರೆ ಚಾಲಕ ನಗುತ್ತಾನೆ. ಒಂಬತ್ತಕ್ಕೆ ನಮ್ಮ ರಸ್ತೆಯಲ್ಲಿ ರಿಕ್ಷಾ ಸಹ ಅಲುಗುವುದಿಲ್ಲ.

ಈ ತೊಡಕುಗಳನ್ನು ನಾನು ಕಲ್ಪಿಸಿಕೊಂಡು ಹೇಳುತ್ತಿಲ್ಲ. 2023ರ ಡಿಸೆಂಬರಿನಲ್ಲಿ ಆಗಿನ ರಾಜ್ಯಪಾಲ ರಮೇಶ್ ಬೈಸ್ ಅವರು ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ, ಶಾಲೆಯ ವೇಳೆ ಬದಲಾಗಬೇಕು ಎಂದರು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರಕಾರ ಆದೇಶ ಹೊರಡಿಸಿತು: ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಬೆಳಿಗ್ಗೆ ಒಂಬತ್ತರ ಮೊದಲು ಶಾಲೆ ಬೇಡ. ಎರಡು ಪಾಳಿಯ ಶಾಲೆಗಳು ಆಗುವುದಿಲ್ಲ ಎಂದವು, ಶಾಲಾ ಬಸ್ಸಿನ ಮಾಲೀಕರು ಸಂಚಾರ ದಟ್ಟಣೆಯ ಲೆಕ್ಕ ತೆಗೆದರು. ಆಗ ನಮ್ಮ ಪೋಷಕರ ಗುಂಪು ಏನು ಹೇಳಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ. "ಒಂಬತ್ತಕ್ಕೆ ಮಗುವನ್ನು ಬಿಟ್ಟು ನಾವು ಆಫೀಸಿಗೆ ಯಾವಾಗ ಹೋಗಬೇಕು? 7.52ರ ಲೋಕಲ್ ತಪ್ಪಿದರೆ ಸಂಬಳ ಯಾರು ಕೊಡುತ್ತಾರೆ?" ಮಾತು ನ್ಯಾಯವಾದದ್ದೇ. ಮುಂಬೈಯ ತಾಯಿತಂದೆಗೆ ಲೋಕಲ್ ರೈಲಿನ ವೇಳಾಪಟ್ಟಿಯೇ ಪಂಚಾಂಗ. ಆದರೆ ವರ್ಷವಿಡೀ ಚಿಕ್ಕ ಮಕ್ಕಳು ಎರಡು ಗಂಟೆ ಹೆಚ್ಚು ಮಲಗಲಿ ಎಂದಾಗ ಒಲ್ಲೆ ಎಂದವರೇ ಈಗ ಒಂದು ಪಂದ್ಯಕ್ಕಾಗಿ ಅದೇ ಒಂಬತ್ತು ಗಂಟೆಯನ್ನು ಕೇಳುತ್ತಿದ್ದಾರೆ. ಆ ಸೋಮವಾರ ಲೋಕಲ್ ತಡವಾಗಿ ಓಡುತ್ತದೆಯೇ? ಇಲ್ಲ. ಮನೆಯ ದೊಡ್ಡವರಿಗೂ ಅವತ್ತು ಸ್ವಲ್ಪ ತಡವಾಗಿ ಏಳುವ ಆಸೆ, ಅಷ್ಟೆ. ಆಸೆ ತಪ್ಪಲ್ಲ, ಅದಕ್ಕೆ ಮಕ್ಕಳ ನಿದ್ದೆಯ ಹೆಸರು ಹೇಳುವುದು ಬೇಡ.

ನಿದ್ದೆಯ ವಿಷಯ ಬಂತೆಂದು ಹೇಳುತ್ತೇನೆ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎನ್ನುತ್ತಾರೆ ತಜ್ಞರು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯತೊಡಗಿ, ಬೇಗ ಮಲಗು ಎಂದರೂ ನಿದ್ದೆ ಬರುವುದಿಲ್ಲ. ಇದನ್ನು ಗಮನಿಸಿಯೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಬಹುತೇಕ ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕೆ ಮೊದಲು ಶುರುವಾಗಬಾರದು ಎಂಬ ಕಾನೂನು ಜಾರಿಯಲ್ಲಿದೆ. ನನ್ನ ಒಂಬತ್ತನೆಯ ತರಗತಿಯ ಮೊದಲ ಪಿರಿಯಡ್‌ಗೆ ಬಂದು ನೋಡಿ. ಪಂದ್ಯವಿಲ್ಲದ ಸಾಮಾನ್ಯ ಮಂಗಳವಾರವೂ ಕೊನೆಯ ಬೆಂಚಿನಲ್ಲಿ ಇಬ್ಬರು ಕಣ್ಣು ತೆರೆದೇ ಮಲಗಿರುತ್ತಾರೆ. ಸುಧಾರಿಸಬೇಕಾದದ್ದು ಆ ಮಂಗಳವಾರ.

ಇನ್ನು, ಯಾವ ಪಂದ್ಯ ದೊಡ್ಡದು? ಕ್ರಿಕೆಟ್ಟಿನ ಮಟ್ಟಿಗೆ ಪಂಚಾಂಗ ನಮ್ಮನ್ನು ಬಹಳ ಸಲ ಕಾಪಾಡಿದೆ. ಭಾರತ ವಿಶ್ವಕಪ್ ಗೆದ್ದ ದಿನಗಳನ್ನೇ ನೋಡಿ: 1983ರ ಜೂನ್ 25, ಲಾರ್ಡ್ಸ್, ಶನಿವಾರ. 2011ರ ಏಪ್ರಿಲ್ 2, ನಮ್ಮದೇ ವಾಂಖೆಡೆ, ಶನಿವಾರ. 2024ರ ಜೂನ್ 29, ಬಾರ್ಬಡೋಸ್, ಅದೂ ಶನಿವಾರ. ಗೆದ್ದು ಕುಣಿದು ಮರುದಿನ ಮಧ್ಯಾಹ್ನದವರೆಗೆ ಮಲಗಬಹುದಿತ್ತು, ಯಾವ ಮುಖ್ಯೋಪಾಧ್ಯಾಯರಿಗೂ ಅರ್ಜಿ ಕೊಡಬೇಕಾಗಿರಲಿಲ್ಲ. ತಂಟೆ ಬರುವುದು ಭಾನುವಾರದ ಫೈನಲ್‌ಗಳಿಂದ, ವಾರದ ನಡುವಿನ ರಾತ್ರಿಗಳಿಂದ. ಆದರೆ ಎಲ್ಲ ರಾತ್ರಿಗಳೂ ಪೋಷಕರ ಕಣ್ಣಿಗೆ ಬೀಳುವುದಿಲ್ಲ. 2024ರ ಆಗಸ್ಟ್ 8, ಗುರುವಾರ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಭರ್ಜಿ ಎಸೆಯಲು ಬಂದಾಗ ನಮ್ಮ ಗಡಿಯಾರದಲ್ಲಿ ನಡುರಾತ್ರಿ. 89.45 ಮೀಟರ್ ಎಸೆದು ಬೆಳ್ಳಿ ಗೆದ್ದದ್ದನ್ನು ನೋಡಿ ಮಲಗುವಾಗ ಶುಕ್ರವಾರ ಆಗಿತ್ತು. ಶಾಲೆ ತಡವಾಗಲಿ ಎಂದು ಒಬ್ಬರೂ ಕೇಳಲಿಲ್ಲ.

ಇನ್ನೊಂದು ರಾತ್ರಿಯ ಬಗ್ಗೆ ನನಗೆ ಕೋಪವೇ ಇದೆ. 2025ರ ನವೆಂಬರ್ 2, ಭಾನುವಾರ, ನವಿ ಮುಂಬೈಯ ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣ, ಮಹಿಳೆಯರ ಏಕದಿನ ಕ್ರಿಕೆಟ್ ವಿಶ್ವಕಪ್ ಫೈನಲ್. ಮಳೆಯಿಂದಾಗಿ ಮೂರರ ಪಂದ್ಯ ಐದಕ್ಕೆ ಶುರುವಾಯಿತು. ಶಫಾಲಿ ವರ್ಮಾ 87 ಹೊಡೆದಳು, ದೀಪ್ತಿ ಶರ್ಮಾ ಐದು ವಿಕೆಟ್ ಕಿತ್ತಳು, ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ನಮ್ಮ ಹುಡುಗಿಯರು ಮೊದಲ ಸಲ ವಿಶ್ವಕಪ್ ಎತ್ತುವಾಗ ನಡುರಾತ್ರಿ. ಮೂರು ದಿನಗಳ ಹಿಂದೆ ಅದೇ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ ಔಟಾಗದೆ 127 ಹೊಡೆದ ಜೆಮಿಮಾ ರಾಡ್ರಿಗಸ್ ಮುಂಬೈಯ ಹುಡುಗಿ, ಇಲ್ಲಿನ ಶಾಲೆಗಳಲ್ಲೇ ಓದಿ ಆಡಿ ಬೆಳೆದವಳು. ಖಾಡಿಯ, ಎಂದರೆ ಒಳಚಾಚಿದ ಕಡಲಿನ, ಆಚೆಗೆ ನಡೆದ ಈ ಫೈನಲ್‌ನ ಮರುದಿನ ದೀಪಾವಳಿ ರಜೆ ಮುಗಿದು ನಮ್ಮ ಶಾಲೆ ತೆರೆದಿತ್ತು. ಗುಂಪಿನಲ್ಲಿ ಪಟಾಕಿಯ ಚಿತ್ರಗಳು ಬಂದವು. ಬೇಡಿಕೆ ಒಂದೂ ಬರಲಿಲ್ಲ. ಅದೇ ವರ್ಷದ ಮಾರ್ಚ್ 9ರ ಭಾನುವಾರ ಗಂಡಸರ ಚಾಂಪಿಯನ್ಸ್ ಟ್ರೋಫಿ ಫೈನಲ್ ದುಬೈಯಲ್ಲಿ ಮುಗಿದದ್ದು ನಮ್ಮ ರಾತ್ರಿ ಹತ್ತರ ಸುಮಾರಿಗೆ. ಆಗ ಮಾತ್ರ, ಪರೀಕ್ಷೆಯ ದಿನಗಳೆಂಬುದನ್ನೂ ಮರೆತು, ಮಕ್ಕಳು ದಣಿದಿದ್ದಾರೆ ಎಂಬ ಸಂದೇಶಗಳು ಬಂದಿದ್ದವು. ರಾತ್ರಿ ಹತ್ತಕ್ಕೆ ದಣಿದ ಮಕ್ಕಳು ನಡುರಾತ್ರಿಗೆ ಹೇಗೆ ದಣಿಯಲಿಲ್ಲ ಎಂದು ನಾನು ಗುಂಪಿನಲ್ಲೇ ಕೇಳಿದೆ. ಯಾರೋ ಕೈಮುಗಿದ ಚಿಹ್ನೆ ಹಾಕಿದರು.

ಪಂದ್ಯಕ್ಕಾಗಿ ಶಾಲೆಯ ವೇಳೆ ಸಡಿಲಿಸುವುದು ಬೇರೆಡೆ ನಡೆದಿದೆ. 2021ರ ಜುಲೈ 11ರ ಭಾನುವಾರ ಇಂಗ್ಲೆಂಡ್ ಯೂರೋ ಫುಟ್‌ಬಾಲ್ ಕಪ್ಪಿನ ಫೈನಲ್ ಆಡುವ ಮೊದಲೇ ಅಲ್ಲಿನ ಕೆಲವು ಶಾಲೆಗಳು ಸೋಮವಾರ ತಡವಾಗಿ ಬರಬಹುದು ಎಂದು ಪೋಷಕರಿಗೆ ತಿಳಿಸಿದ್ದವು. ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಇಟಲಿಗೆ ಸೋತಿತು. ಇನ್ನೊಂದು ಬಗೆ, 2022ರ ನವೆಂಬರ್ 22ರಂದು ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯ ಅರ್ಜೆಂಟೀನಾವನ್ನು ಸೋಲಿಸಿದ ಮೇಲೆ ಅಲ್ಲಿನ ದೊರೆ ಮರುದಿನವನ್ನು ಶಾಲೆಯ ಮಕ್ಕಳಿಗೂ ಸೇರಿಸಿ ರಜೆ ಎಂದು ಸಾರಿದ್ದು. ದೊರೆಗೆ ಅದು ಒಪ್ಪುತ್ತದೆ. ಶಾಲೆಗೆ ಒಪ್ಪುವುದು ಮೊದಲಿನ ರೀತಿ. ಟಾಸ್‌ಗೆ ಮೊದಲೇ ಹೇಳಬೇಕು, ಸೋತರೂ ಗೆದ್ದರೂ ಮಾತು ಅದೇ ಇರಬೇಕು. ಗೆದ್ದರೆ ಮಾತ್ರ ಮಲಗಬಹುದು ಎಂದರೆ ಅದು ನಿದ್ದೆಗೆ ಕೊಟ್ಟ ಅವಕಾಶವಲ್ಲ, ಬಕ್ಷೀಸು. ಮುಂಬೈಯ ಮಳೆಗಾಲದಲ್ಲಿ ಮಕ್ಕಳು ಬಸ್ಸು ಹತ್ತಿದ ಮೇಲೆ ರಜೆಯ ಸಂದೇಶ ಬಂದು ನಾವೆಲ್ಲ ಪಟ್ಟ ಪಾಡು ಸಾಲದೆ?

ಪಾಠದ ಗಂಟೆಗಳು ನಷ್ಟವಾಗುತ್ತವೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಎನ್ನುತ್ತದೆ. ಅದರಲ್ಲಿ ಎರಡು ಗಂಟೆ ಹೋದರೆ ಪೈಥಾಗೊರಸ್ ಬೇಸರಿಸಿಕೊಳ್ಳುವುದಿಲ್ಲ.

ಇಡೀ ದಿನ ರಜೆ ಕೊಡಿ ಎನ್ನುವವರೂ ಇದ್ದಾರೆ. ಅವರಿಗೆ ಒಂದೇ ಉತ್ತರ. 2025ರ ಜೂನ್ 3ರ ಮಂಗಳವಾರ ರಾತ್ರಿ ಆರ್‌ಸಿಬಿ ಹದಿನೆಂಟನೆಯ ಐಪಿಎಲ್‌ನಲ್ಲಿ ಕೊನೆಗೂ ಗೆದ್ದಾಗ ಡೊಂಬಿವಲಿಯ ಕನ್ನಡಿಗರೆಲ್ಲ ಬಾಲ್ಕನಿಗೆ ಬಂದು ಕೂಗಿದ್ದೆವು. ಇಲ್ಲಿ ಬೇಸಿಗೆ ರಜೆ, ಕರ್ನಾಟಕದಲ್ಲಿ ಶಾಲೆಗಳು ಆಗಲೇ ತೆರೆದಿದ್ದವು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಶಾಲೆಗೆ ಹೋಗುವ ವಯಸ್ಸಿನವರೂ ಅವರಲ್ಲಿದ್ದರು. ದೊಡ್ಡ ಗೆಲುವಿನ ಮರುದಿನ ಮಗು ನಿದ್ದೆಗಣ್ಣಿನಲ್ಲಾದರೂ ತರಗತಿಯಲ್ಲಿ ಇರುವುದೇ ನನಗೆ ಸಮಾಧಾನ.

ಹಾಗಾದರೆ ಏನು ಮಾಡಬೇಕು? ಇದಕ್ಕೆ ಉತ್ತರ ಮುಂಬೈಯ ಕನ್ನಡಿಗರಿಗೆ ಎಂದೋ ಗೊತ್ತಿತ್ತು. ನನ್ನ ಅಪ್ಪ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಹಗಲು ಕಚೇರಿಯಲ್ಲಿ ದುಡಿದ ಮೇಷ್ಟ್ರುಗಳು ಸಂಜೆ ಬಂದು ಕಲಿಸುತ್ತಿದ್ದ ಆ ಶಾಲೆಗಳಿಂದ ಹೋಟೆಲಿನ ಎಷ್ಟು ಹುಡುಗರು ಮೆಟ್ರಿಕ್ ದಾಟಿದರೋ! ಅಲ್ಲಿ ಗಂಟೆ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿತ್ತಂತೆ. ಸಂಜೆಯ ಗಿರಾಕಿಗಳು ಹೆಚ್ಚಿದ ದಿನ ಯಾರಾದರೂ ಅರ್ಧ ಗಂಟೆ ತಡವಾಗಿ, ತಟ್ಟೆ ತೊಳೆದ ಕೈ ಪಂಚೆಗೆ ಒರೆಸಿಕೊಳ್ಳುತ್ತ ಬಂದರೆ ಮೇಷ್ಟ್ರು ಪಾಠ ನಿಲ್ಲಿಸುತ್ತಿರಲಿಲ್ಲ, ಏಕೆ ತಡ ಎಂದು ಕೇಳುತ್ತಲೂ ಇರಲಿಲ್ಲ. ಬೆಂಚಿನ ತುದಿ ತೋರಿಸುತ್ತಿದ್ದರು. ಬಂದವರಿಗಾಗಿ ಪಾಠ ನಡೆಯುತ್ತಿತ್ತು, ಬರಲಿರುವವರಿಗಾಗಿ ಬಾಗಿಲು ತೆರೆದಿರುತ್ತಿತ್ತು. ಈಗಿನ ಶಾಲೆಗಳಲ್ಲಿ ಏಳು ದಾಟಿ ಐದು ನಿಮಿಷಕ್ಕೆ ಗೇಟು ಮುಚ್ಚುತ್ತದೆ, ಡೈರಿಯಲ್ಲಿ ಕೆಂಪು ಶಾಯಿಯ ರಿಮಾರ್ಕ್ ಬೀಳುತ್ತದೆ. ವರ್ಷಕ್ಕೆ ಕೆಲವೇ ದಿನ ಆ ಗೇಟನ್ನು ಒಂಬತ್ತರವರೆಗೆ ತೆರೆದಿಡಲು ಪಾಳಿ ಬದಲಿಸಬೇಕಿಲ್ಲ, ಬಸ್ಸಿನವರ ಕಾಲು ಹಿಡಿಯಬೇಕಿಲ್ಲ. ಬಸ್ಸು ತಪ್ಪಿಸಿಕೊಂಡ ಮಗುವನ್ನು ಕರೆತರುವ ಹೊಣೆ ಮನೆಯವರದು. ಪಂದ್ಯ ತೋರಿಸಿದವರೂ ಅವರೇ ತಾನೆ?

ಇನ್ನೊಂದು ಮಾತು, ಇದನ್ನು ಹೇಳದೆ ಬಿಡಲಾರೆ. ಮಕ್ಕಳಿಗೆ ಸಿಗುವ ಸಡಿಲಿಕೆ ಶಾಲೆಯ ಆಯಾ ಕೆಲಸದ ಮಾವಶಿಗೂ ಸಿಗಬೇಕು. ನಮ್ಮ ಶಾಲೆಯ ಮಾವಶಿ ಬೆಳಿಗ್ಗೆ ಆರಕ್ಕೆ ಬಂದು ತರಗತಿಗಳ ಬೀಗ ತೆಗೆಯುತ್ತಾಳೆ. ಅವಳ ಚಾಳಿನಲ್ಲೂ ಟಿವಿ ಇದೆ, ಅವಳ ಮಗನೂ ಮೆಸ್ಸಿಯ ಅಂಗಿ ಹಾಕುತ್ತಾನೆ. ಮಸ್ಟರಿನಲ್ಲಿ, ಎಂದರೆ ಹಾಜರಿ ಪುಸ್ತಕದಲ್ಲಿ, ಮೂರು ಲೇಟ್ ಮಾರ್ಕ್ ಬಿದ್ದರೆ ಅವಳಿಗೂ ನಮಗೂ ಒಂದು ರಜೆ ಕಡಿತ. 2024ರ ಜುಲೈ 4ರ ಸಂಜೆ ಟಿ20 ಕಪ್ಪಿನ ಮೆರವಣಿಗೆಗೆ ಮರೀನ್ ಡ್ರೈವ್ ತುಂಬಾ ಜನ ಸೇರಿ, ಚಪ್ಪಲಿ, ಬಾಟಲಿ ಬಿಟ್ಟು ಮನೆಗೆ ಹೋದರಲ್ಲ, ಪಾಲಿಕೆಯ ಸಫಾಯಿ ಕಾರ್ಮಿಕರು ರಾತ್ರಿಯಿಡೀ ಅದನ್ನು ಎತ್ತಿ ಬೆಳಗಾಗುವುದರೊಳಗೆ ರಸ್ತೆ ಒಪ್ಪವಾಗಿಸಿದ್ದರು. ಅವರ ಮಕ್ಕಳು ಮರುದಿನ ಹೊತ್ತಿಗೆ ಸರಿಯಾಗಿ ಶಾಲೆಯಲ್ಲಿದ್ದಿರಬೇಕು.

ಮುಖ್ಯೋಪಾಧ್ಯಾಯಿನಿಯವರಿಗೆ ನಾನು ಅರ್ಜಿ ಬರೆದು ಕೊಟ್ಟಿದ್ದೇನೆ. ಜುಲೈ 20ರಂದು ಏಳಕ್ಕೇ ಗಂಟೆ, ಒಂಬತ್ತರವರೆಗೆ ಗೇಟು ತೆರೆದಿರಲಿ, ಮೊದಲ ಎರಡು ಪಿರಿಯಡ್‌ನಲ್ಲಿ ಯಾವ ಪರೀಕ್ಷೆಯೂ ಬೇಡ, ಡೈರಿಗೂ ಮಸ್ಟರಿಗೂ ಕೆಂಪು ಶಾಯಿ ತಾಕಬಾರದು. ಇದೇ ಅರ್ಜಿಯಲ್ಲಿ ಜುಲೈ 6ನ್ನೂ ಸೇರಿಸಿದ್ದೇನೆ. ಹಿಂದಿನ ದಿನ, ಜುಲೈ 5ರ ಭಾನುವಾರ, ಲಾರ್ಡ್ಸ್‌ನಲ್ಲಿ ಮಹಿಳೆಯರ ಟಿ20 ವಿಶ್ವಕಪ್ ಫೈನಲ್ ಇದೆ. "ಅದಕ್ಕೆ ಯಾರೂ ಕೇಳಿಲ್ಲವಲ್ಲ?" ಎಂದರು. ನಾನು ಕೇಳುತ್ತಿದ್ದೇನಲ್ಲ ಎಂದೆ.