ಎರೆ ಮಣ್ಣಿನಲ್ಲಿ ಎರಡು ಗಾಲಿ

ಮಣ್ಣಿನ ದಾರಿಯಲ್ಲಿ ಓಡಿಸುವ ಬೈಕನ್ನು ಹೇಗೆ ಸಿದ್ಧಪಡಿಸಿಕೊಳ್ಳಬೇಕು ಎಂದು ಉಪದೇಶ ಮಾಡುವವರಿಗೆ ಈ ಲೋಕದಲ್ಲಿ ಕೊರತೆಯಿಲ್ಲ. ಆದರೆ ಅವರಲ್ಲಿ ಒಬ್ಬರಾದರೂ ಶ್ರಾವಣದ ಮಳೆ ಬಿದ್ದ ಮರುದಿನ ಕಲಬುರಗಿ ಸೀಮೆಯ ಹೊಲದ ದಾರಿಗೆ ಇಳಿದವರಂತೆ ನನಗೆ ಕಂಡಿಲ್ಲ. ಅವರ ವಿಡಿಯೋಗಳಲ್ಲಿ ಮರಳಿದೆ, ಜಲ್ಲಿಯಿದೆ, ಮರದ ಬೇರುಗಳಿವೆ, ತಿಳಿನೀರಿನ ಹಳ್ಳವೂ ಇದೆ. ನಮ್ಮಲ್ಲಿರುವುದು ಕರಿಯ ಬಸಾಲ್ಟ್ ಶಿಲೆ ಸವೆದು ಸವೆದು ಆದ ಎರೆ ಮಣ್ಣು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಳೆಗಾಲದಲ್ಲಿ ಗಾಲಿಯನ್ನು ಹಿಡಿದುಕೊಂಡು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಾಯಿ ತೆರೆದು ಅದೇ ಗಾಲಿಯನ್ನು ನುಂಗಲು ನೋಡುತ್ತದೆ. ಎರಡರ ನಡುವೆ ಸಭ್ಯವಾಗಿ ವರ್ತಿಸುವ ಕೆಲವು ವಾರಗಳೇನೋ ಇವೆ, ಆದರೆ ಆಗ ಹೊಲದಲ್ಲಿ ತೊಗರಿ ನಿಂತಿರುತ್ತದೆಯಾದ್ದರಿಂದ ಬಂಡಿ ದಾರಿ ಬಿಟ್ಟು ಒಂದು ಮೊಳ ಆಚೆ ಇಳಿಯುವಂತಿಲ್ಲ, ಇಳಿಯಲೂಬಾರದು.

ನನ್ನದು 200 ಸಿಸಿಯ ಬೈಕು. ಯಾವ ಕಂಪನಿಯದೆಂದು ಹೇಳಿ ಆ ಕಂಪನಿಯ ಮಾನವನ್ನೂ ನನ್ನ ಮಾನವನ್ನೂ ಕಳೆಯುವುದಿಲ್ಲ. ಮುಂದಿನ ಗಾಲಿ 21 ಇಂಚು, ಹಿಂದಿನದು 18. ದೊಡ್ಡ ಮುಂಗಾಲಿಯಿದ್ದರೆ ಕಲ್ಲು ಗುಂಡಿಗಳನ್ನು ಸುಲಭವಾಗಿ ಹತ್ತಿ ಇಳಿಯುತ್ತದೆಂಬುದು ನಿಜ. ಸೀಟು ನೆಲದಿಂದ 825 ಮಿಲಿಮೀಟರ್ ಎತ್ತರದಲ್ಲಿದೆ, ನನ್ನ ಕಾಲುಗಳು ಮಾತ್ರ ಅಷ್ಟು ಉದ್ದಕ್ಕೆ ಬೆಳೆದಿಲ್ಲ. ಡಾಂಬರು ರಸ್ತೆಯಲ್ಲಿ ಇದರಿಂದ ತೊಂದರೆಯಿಲ್ಲ, ಬೆರಳ ತುದಿಯಲ್ಲಿ ನಿಂತು ಸಿಗ್ನಲ್ ದಾಟಬಹುದು. ಇಳಿಜಾರಿನಲ್ಲಿ ಬೈಕು ಒಂದು ಕಡೆ ವಾಲಿದಾಗ, ನೆಲ ಇರಬೇಕಾದ ಜಾಗದಲ್ಲಿ ಕಾಲಿಗೆ ಬರಿ ಗಾಳಿ ಸಿಗುತ್ತದೆ. ಆಮೇಲಿನದು ಬೈಕು ಮತ್ತು ಭೂಮಿಯ ನಡುವಿನ ವ್ಯವಹಾರ.

ಉಪದೇಶಕರೆಲ್ಲರೂ ಒಕ್ಕೊರಲಿನಿಂದ ಹೇಳುವ ಮೊದಲ ಕೆಲಸವೆಂದರೆ ಸಸ್ಪೆನ್ಷನ್ನಿನ ಕುಸಿತವನ್ನು, ಅಂದರೆ ಗಾಲಿಯ ಮೇಲಿನ ಸ್ಪ್ರಿಂಗು ಸವಾರನ ಭಾರಕ್ಕೆ ಎಷ್ಟು ಕುಗ್ಗುತ್ತದೆಂಬುದನ್ನು, ಅಳೆಯುವುದು. ಹಿಂದಿನ ಗಾಲಿ ನೆಲ ಬಿಡುವಂತೆ ಬೈಕನ್ನು ಎತ್ತಿ, ಗಾಲಿಯ ಅಚ್ಚಿನಿಂದ ಮೇಲಿನ ಒಂದು ಗುರುತಿನವರೆಗೆ ಅಳೆಯಬೇಕು. ನಂತರ ಕೆಳಗಿಳಿಸಿ, ಸವಾರನು ಹೆಲ್ಮೆಟ್, ಬೂಟು, ಎದೆಗವಚ ಎಲ್ಲವನ್ನೂ ತೊಟ್ಟು ಕೂತ ಮೇಲೆ ಅದೇ ಜಾಗವನ್ನು ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವು ಸಸ್ಪೆನ್ಷನ್ನಿನ ಒಟ್ಟು ಚಲನೆಯ ಮೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರಬೇಕು. ನನ್ನ ಬೈಕಿನ ಹಿಂಬದಿಯ ಚಲನೆ 170 ಮಿಲಿಮೀಟರ್ ಆದ್ದರಿಂದ ಸುಮಾರು 55 ಮಿಲಿಮೀಟರ್ ಕುಸಿದರೆ ಸರಿ. ಓದುವಾಗ ಇದು ಒಬ್ಬನೇ ಮಾಡಬಹುದಾದ ಕೆಲಸದಂತೆ ತೋರುತ್ತದೆ. ವಾಸ್ತವದಲ್ಲಿ ಬೈಕನ್ನು ಎತ್ತಲು ಓಣಿಯ ಹುಡುಗರು ಬೇಕು, ಅಳೆಯಲು ಮನೆಯಾಕೆ ಬೇಕು, ಅವಳ ಹೊಲಿಗೆಯ ಟೇಪು ಬೇಕು, ಮತ್ತು ನಡುಬೇಸಿಗೆಯ ಅಂಗಳದಲ್ಲಿ ಯುದ್ಧಕ್ಕೆ ಹೊರಟವನಂತೆ ಕವಚ ತೊಟ್ಟು, ನಿಂತ ಬೈಕಿನ ಮೇಲೆ ನಿಶ್ಚಲವಾಗಿ ಕೂತಿರುವ ಒಬ್ಬ ಮನುಷ್ಯನನ್ನು ಕಾಂಪೌಂಡಿನ ಆಚೆಯಿಂದ ನೋಡಲು ಇಡೀ ಓಣಿ ಬಂದೇ ಬರುತ್ತದೆ. "ಗಾಡಿ ಚಾಲೂ ಆಗವಲ್ದೇನ್ರಿ?" ಎಂದು ಪಕ್ಕದ ಮನೆಯ ಕಾಕಾ ಅನುಕಂಪದಿಂದ ಕೇಳಿದರು. ಚಾಲೂ ಮಾಡುವ ಉದ್ದೇಶವೇ ಇಲ್ಲವೆಂದು ಹೇಳಿದ ಮೇಲೆ ಅವರ ಅನುಕಂಪ ಇನ್ನಷ್ಟು ಹೆಚ್ಚಿತು.

ಮನೆಯಾಕೆ ನಂಬಿಕೆಗೆ ಅರ್ಹಳಾದ ಅಳತೆಗಾರ್ತಿ. ಬೆಳಿಗ್ಗೆ ಒಂದು ಅಂಕಿ ಬರೆದಳು. ಊಟವಾದ ಮೇಲೆ ಮತ್ತೊಮ್ಮೆ ಖಚಿತಪಡಿಸಿಕೊಳ್ಳೋಣವೆಂದಾಗ ಇನ್ನೊಂದು ಬಂತು. "ರೀ, ಊಟಕ್ಕ ಮುಂಚಿ ಒಂದು, ಊಟ ಆದ ಮ್ಯಾಲ ಒಂದು ಬರ್ಲತ್ತದ. ಯಾವುದು ಖರೆ ಅಂತ ಬರೀಲಿ?" ಎಂದು ಹುಡುಗರ ಮುಂದೆಯೇ ಕೇಳಿದಳು. ಅಂದು ಎಳ್ಳಮಾವಾಸ್ಯೆಯ ಭಜ್ಜಿ, ಕಡಬುಗಳೇನೂ ಇರಲಿಲ್ಲ. ಬರಿ ರೊಟ್ಟಿ, ಪುಂಡಿಪಲ್ಲೆ. ಹಾಗಾಗಿ ವ್ಯತ್ಯಾಸವು ಹೊಲಿಗೆಯ ಟೇಪಿನದೇ ಹೊರತು ನನ್ನದಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ. ಕುಸಿತ ಹೆಚ್ಚೆಂದು ಪಾನಾ ಹಿಡಿದು ಸ್ಪ್ರಿಂಗನ್ನು ಬಿಗಿ ಮಾಡಿದೆವು. ಬಿಗಿ ಮಾಡಿದೊಡನೆ ಹಿಂಬದಿ ಮೇಲೆದ್ದಿತು, ಮೊದಲೇ ನಿಲುಕದ ನೆಲ ಇನ್ನೊಂದು ಬೆರಳು ದೂರ ಸರಿಯಿತು. ಶಾಸ್ತ್ರದ ಪ್ರಕಾರ ಎಲ್ಲವೂ ಸರಿಯಾದಾಗ ನಾನು ಬೈಕ್ ಹತ್ತಲು ಅಂಗಳದ ಕಟ್ಟೆಯ ನೆರವು ಬೇಕಾಯಿತು. ಹೊಲದಲ್ಲಿ ಕಟ್ಟೆಗಳಿರುವುದಿಲ್ಲ.

ಉಳಿದ ಸಿದ್ಧತೆಗಳು ಇಷ್ಟು ತ್ರಾಸಿನವಲ್ಲ. ಒರಟು ದಾರಿಯಲ್ಲಿ ಫುಟ್‌ರೆಸ್ಟಿನ ಮೇಲೆ ನಿಂತು ಓಡಿಸಬೇಕಾದ್ದರಿಂದ ಕ್ಲಚ್ಚು, ಬ್ರೇಕುಗಳ ಲಿವರುಗಳನ್ನು ತುಸು ಕೆಳಕ್ಕೆ ತಿರುಗಿಸಿಕೊಳ್ಳಬೇಕು; ನಿಂತಾಗ ಮುಂಗೈ ಮಡಿಯದೆ ಬೆರಳು ನೇರವಾಗಿ ಲಿವರಿಗೆ ತಲುಪಬೇಕು. ಚೈನನ್ನು ಸಡಿಲವಾಗಿಯೇ ಬಿಡಬೇಕು, ಏಕೆಂದರೆ ಹಿಂದಿನ ಸಸ್ಪೆನ್ಷನ್ ಕುಗ್ಗುತ್ತ ಹೋದಂತೆ ಚೈನು ಸುತ್ತುವ ಎರಡು ಹಲ್ಲುಗಾಲಿಗಳ (ಸ್ಪ್ರಾಕೆಟ್ಟುಗಳ) ನಡುವಿನ ಅಂತರ ಹೆಚ್ಚಿ ಚೈನು ತಾನಾಗಿ ಬಿಗಿಯಾಗುತ್ತದೆ. ನಿಂತ ಬೈಕಿನಲ್ಲೇ ಬಿಗಿಯಾಗಿದ್ದರೆ ಗುಂಡಿಗೆ ಬಿದ್ದಾಗ ಅದರ ಎಳೆತವೆಲ್ಲ ಗೇರ್‌ಬಾಕ್ಸಿನ ಬೇರಿಂಗಿನ ಮೇಲೆ ಬೀಳುತ್ತದೆ. ಟೈರಿನ ಹವಾ ಇಳಿಸಬೇಕು. ರಸ್ತೆಯ ಮೇಲೆ 25 ಪಿಎಸ್‌ಐ ಮೇಲಿರುವುದನ್ನು ಮಣ್ಣಿನಲ್ಲಿ 18ರವರೆಗೆ ತಂದರೆ ಟೈರು ಅಗಲವಾಗಿ ನೆಲವನ್ನು ಹಿಡಿಯುತ್ತದೆ. ಸೈಲೆನ್ಸರನ್ನೂ ಬದಲಾಯಿಸು ಎಂದು ಒಂದಿಬ್ಬರು ಗೆಳೆಯರು ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಾಯಿಸುವುದಕ್ಕೆ ಅಡ್ಡಿಯಾಗಿರುವುದು ಒಂದು ಕಾರಣ, ಹೊಲದಲ್ಲಿ ಎತ್ತುಗಳು ಬೆದರುವುದು ಇನ್ನೊಂದು. ಆ ಮಾತನ್ನು ಅಲ್ಲಿಗೇ ಕೈಬಿಟ್ಟೆ.

ಹೀಗೆ ಹೊಂದಿಸಿದ್ದೆಲ್ಲವೂ ನಾನು ಬೈಕು ಬಿಡುವ ಗ್ಯಾರೇಜಿನ ಹುಡುಗನ ಕಣ್ಣಿಗೆ ಕೆಟ್ಟ ಗಾಡಿಯ ಲಕ್ಷಣಗಳು. ಅವನು ಸೋಮಾರಿಯಾಗಿದ್ದರೆ ನನ್ನ ಬದುಕು ಸುಖವಾಗಿರುತ್ತಿತ್ತು. ಆಯಿಲ್ ಬದಲಿಸಲೆಂದು ಬಿಟ್ಟು ಸಂಜೆ ಹೋದರೆ, "ಸರ್, ಯಾರೋ ಕ್ಲಚ್ ಕೆಳಗ ತಿರುವಿದ್ರು, ಸೀದಾ ಮಾಡೀನಿ. ಚೈನ್ ಭಾಳ ಲೂಸ್ ಆಗಿತ್ತು, ಟೈಟ್ ಮಾಡೀನಿ. ಹವಾ ಅಂತೂ ಇರಲೇ ಇಲ್ಲ ನೋಡ್ರಿ, ಎರಡೂ ಕಡಿ ಫುಲ್ ಹಾಕೀನಿ" ಎಂದು ಹೆಮ್ಮೆಯಿಂದ ವರದಿ ಒಪ್ಪಿಸುತ್ತಾನೆ, ಇದಕ್ಕೆಲ್ಲ ಒಂದು ಪೈಸೆಯನ್ನೂ ಕೇಳುವುದಿಲ್ಲ. ಅಷ್ಟು ಒಳ್ಳೆಯತನದ ಮುಂದೆ ಸಿಟ್ಟು ಮಾಡುವುದು ಹೇಗೆ? ಮನೆಗೆ ಬಂದು ಕದ್ದುಮುಚ್ಚಿ ಎಲ್ಲವನ್ನೂ ಮತ್ತೆ ಕೆಡಿಸಿಕೊಳ್ಳುತ್ತೇನೆ.

ಇಷ್ಟೆಲ್ಲ ಆದ ಮೇಲೂ ಎರೆ ಮಣ್ಣಿಗೆ ಈ ಸಿದ್ಧತೆಯ ಪರಿಚಯವಿರುವುದಿಲ್ಲ. ಕಾಗಿಣಾ ಹೊಳೆಯ ಕಡೆಗಿನ ಒಂದು ಹೊಲದ ದಾರಿಯಲ್ಲಿ, ಮೇಲ್ಪದರ ಒಣಗಿ ಒಳಗೆ ಹಸಿಯಿದ್ದ ಜಾಗಕ್ಕೆ ಹೋದಾಗ, ಟೈರಿನ ದಪ್ಪ ಗುಬಟೆಗಳ ನಡುವಿನ ಸಂದುಗಳೆಲ್ಲ ಮೊದಲ ಹತ್ತು ಮಾರಿನಲ್ಲಿ ತುಂಬಿಕೊಂಡವು. ಒಂದು ಪದರದ ಮೇಲೆ ಇನ್ನೊಂದು ಪದರ ಮೆತ್ತಿಕೊಳ್ಳುತ್ತ, ದಾರಿಯ ಮೇಲಿದ್ದ ತೊಗರಿ ಹೊಟ್ಟನ್ನೂ ಸೇರಿಸಿಕೊಂಡು, ಗಾಲಿ ಉಬ್ಬಿ ಉಬ್ಬಿ ಮಡ್‌ಗಾರ್ಡಿಗೆ ತಾಗಿತು. ತಾಗಿದ್ದೇ ತಡ, ಮುಂಗಾಲಿ ತಿರುಗುವುದನ್ನು ನಿಲ್ಲಿಸಿತು. ನಾನು ಬೀಳಲಿಲ್ಲ, ಬೀಳುವುದಕ್ಕೂ ಆಸ್ಪದವಿರಲಿಲ್ಲ. ಕೆಳಗಿಳಿದು ದೂರ ಸರಿದರೂ ಬೈಕು ಸ್ಟ್ಯಾಂಡಿನ ಹಂಗಿಲ್ಲದೆ ನೆಟ್ಟಗೆ ನಿಂತೇ ಇತ್ತು. ಆಗ ಹಿಂದಿನಿಂದ ಎಕ್ಸೆಲ್ ಗಾಡಿಯ ಮೇಲೆ ಎರಡು ಗೊಬ್ಬರದ ಚೀಲ ಹೇರಿಕೊಂಡ ರೈತರೊಬ್ಬರು ಬಂಡಿಯ ಜಾಡನ್ನು ಬಿಟ್ಟು ಬದುವಿನ ಹುಲ್ಲಿನ ಮೇಲೆ ನಿಧಾನವಾಗಿ ಬಂದು, ಎರಡೂ ಕಾಲನ್ನು ಆರಾಮಾಗಿ ನೆಲಕ್ಕೂರಿ ನಿಂತು ನೋಡಿದರು. "ಗಾಡಿ ಹುಗದೀರೇನ್ರಿ?" ಎಂದರು. ಆಮೇಲೆ ಚೀಲದ ಸಂದಿನಿಂದ ಕಳೆ ತೆಗೆಯುವ ಖುರ್ಪಿಯನ್ನು ಎಳೆದು ಕೊಟ್ಟರು. ತಜ್ಞರು ಜೊತೆಯಲ್ಲಿ ಒಯ್ಯಬೇಕೆನ್ನುವ ಸಾಮಾನುಗಳಾದ ಟೈರ್ ಲಿವರು, ಹೆಚ್ಚುವರಿ ಟ್ಯೂಬು, ಪಂಪು, ಚೈನಿನ ಕೊಂಡಿ ಎಲ್ಲವೂ ನನ್ನ ಬೆನ್ನಚೀಲದಲ್ಲಿದ್ದವು. ಆ ಹೊತ್ತಿಗೆ ಬೇಕಾಗಿದ್ದ ಒಂದೇ ಒಂದು ಸಾಧನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಈಗ ಇದೆ. ಮಡ್‌ಗಾರ್ಡನ್ನೂ ಎತ್ತರಿಸಿದ್ದೇನೆ, ಅಲ್ಲಿ ಸಿಕ್ಕಿಬೀಳುತ್ತಿದ್ದ ಮಣ್ಣು ಈಗ ಸ್ವತಂತ್ರವಾಗಿ ಹಾರಿ ಎಂಜಿನ್ನಿನ ಮೇಲೆ ಕೂತು, ಅಲ್ಲಿನ ಶಾಖಕ್ಕೆ ಬೆಂದು, ನೀರಿಗೂ ಜಗ್ಗದಷ್ಟು ಗಟ್ಟಿಯಾಗುತ್ತದೆ.

ಬೀದರಿನ ಮಣ್ಣೇ ಬೇರೆ. ಹುಮನಾಬಾದ್ ದಾಟಿ ಮೇಲೇರಿದಂತೆ ಕಪ್ಪು ಹಿಂದೆ ಬಿದ್ದು ಕೆಂಪು ಮುರಕಲ್ಲಿನ ನೆಲ ಬರುತ್ತದೆ. ಸಂಜೆ ಸುರಿದ ಮಳೆ ಮುಂಜಾನೆಗೆ ಇಂಗಿ ದಾರಿ ಗಟ್ಟಿಯಾಗಿರುತ್ತದೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದದ್ದಕ್ಕೆ ಇತಿಹಾಸಕಾರರು ಹವೆ, ರಾಜಕಾರಣ ಮುಂತಾದ ಕಾರಣಗಳನ್ನು ಕೊಡುತ್ತಾರೆ. ಮಳೆಗಾಲದಲ್ಲಿ ಎರಡೂ ಕಡೆ ಗಾಡಿ ಓಡಿಸಿದವರಿಗೆ ಅಷ್ಟೊಂದು ಗ್ರಂಥಗಳ ಅಗತ್ಯ ಕಾಣುವುದಿಲ್ಲ. ಆದರೆ ಗಟ್ಟಿ ನೆಲದ ಮೇಲೆ ಹರಡಿದ ಮುರುಮಿನ ಸಣ್ಣ ಹರಳುಗಳು ತಿರುವಿನಲ್ಲಿ ಮುಂಗಾಲಿಯನ್ನು ಸದ್ದಿಲ್ಲದೆ ಪಕ್ಕಕ್ಕೆ ಒಯ್ಯುತ್ತವೆ. ಅಲ್ಲಿ ಸೀಟಿನಲ್ಲಿ ಮುಂದೆ ಸರಿದು ಕೂತು, ತಿರುವಿನ ಹೊರಬದಿಯ ಫುಟ್‌ರೆಸ್ಟಿನ ಮೇಲೆ ಭಾರ ಹಾಕಬೇಕು. ಅದನ್ನು ಮೊಣಕೈಯಿಂದಲೇ ಕಲಿಯುವುದು ವಾಡಿಕೆ.

ಶಹಾಬಾದಿನ ಸುತ್ತ, ಟೈರಿನಲ್ಲಿ ಇಳಿಸಿದ ಹವೆಯೇ ಮುಳುವಾಗುತ್ತದೆ. ಅಲ್ಲಿಯ ಪರಸಿಯು ಹಾಳೆ ಹಾಳೆಯಾಗಿ ಏಳುವ ಸುಣ್ಣಕಲ್ಲು. ಗಣಿಯಿಂದ ಹೊರಹಾಕಿದ ಚೂರುಗಳ ಅಂಚು ಚೂಪಾಗಿರುತ್ತದೆ. ಹವಾ ಕಡಿಮೆಯಿದ್ದ ಟೈರು ಅಂಥ ಅಂಚಿಗೆ ಬಡಿದರೆ ಒಳಗಿನ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಒಂದೇ ಏಟಿಗೆ ಎರಡು ತೂತು ಬೀಳುತ್ತವೆ. ಪಂಕ್ಚರ್ ಅಂಗಡಿಯವರು ಎರಡು ತೇಪೆಯ ದುಡ್ಡು ತೆಗೆದುಕೊಂಡು, ಹವಾ ಇಲ್ಲದೆ ಗಾಡಿ ಓಡಿಸಬಾರದೆಂಬ ಬುದ್ಧಿವಾದವನ್ನು ಉಚಿತವಾಗಿ ಹೇಳುತ್ತಾರೆ. ತೊಗರಿ ಕೊಯ್ದ ಮೇಲೆ ಓರೆಯಾಗಿ ಉಳಿಯುವ ಕೂಳೆಯದು ಇನ್ನೊಂದು ಬಗೆ. ಅದು ಟ್ರಾಕ್ಟರಿನ ಟೈರನ್ನೂ ಲೆಕ್ಕಿಸುವುದಿಲ್ಲ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಿರುವುದರಿಂದ, ಅದರ ಕೂಳೆ ಚುಚ್ಚಿ ಬಂದ ಪಂಕ್ಚರನ್ನು ನಾನು ಸ್ವಲ್ಪ ಗೌರವದಿಂದಲೇ ಕಾಣುತ್ತೇನೆ. ಇದೆಲ್ಲ ಬೇಡ, ಚಿಂಚೋಳಿ ಕಾಡಿಗೇ ನುಗ್ಗೋಣವೆಂದು ಗೆಳೆಯರು ಆಗಾಗ ಹುರುಪು ತೋರುವುದುಂಟು. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡಿನಲ್ಲಿ ರಸ್ತೆ ಬಿಟ್ಟು ಗಾಡಿ ಇಳಿಸುವ ಹುರುಪಿಗೆ ನಾನು ಸೇರುವುದಿಲ್ಲ.

ಯಾದಗಿರಿ ಕಡೆಗೆ ಹೋದರೆ ಗ್ರಾನೈಟ್ ಬಂಡೆಗಳ ಗುಡ್ಡ, ಅದರ ಬುಡದಲ್ಲಿ ಹತ್ತಿಯ ಹೊಲ. ಅಲ್ಲಿ ಒಮ್ಮೆ, ಅಕಾಲ ಮಳೆ ಹೊಡೆದ ವಾರದಲ್ಲಿ, ಮೊಣಕಾಲಿನ ಕವಚ, ಎದೆಗವಚ, ಮೂಗಿನವರೆಗೆ ಚಾಚಿದ ಹೆಲ್ಮೆಟ್ಟು ತೊಟ್ಟು, ಟೈರಿನ ಹವಾ ಬರೆದಿಡುವ ಚಿಕ್ಕ ಪುಸ್ತಕವನ್ನು ಕೈಯಲ್ಲಿ ಹಿಡಿದು ದಾರಿಯ ಬದಿಯಲ್ಲಿ ನಿಂತಿದ್ದೆ. ಹೊಲದಿಂದ ವಯಸ್ಸಾದ ತಾಯಿಯೊಬ್ಬರು ನೇರವಾಗಿ ನನ್ನ ಕಡೆಗೆ ಬಂದರು. "ಯಪ್ಪಾ, ಸರ್ವೇಕ್ಕ ಬಂದೀಯೇನಪ? ಎಲ್ಲಾ ಕೊಳತು ಹೋಗ್ಯಾದ ನೋಡು, ಎರಡೆಕರೆ. ಬರಕೋ" ಎಂದರು. ನಾನು ಬೆಳೆ ವಿಮೆಯವನಲ್ಲ, ಕಂದಾಯದವನೂ ಅಲ್ಲ, ಹೀಗೇ ಸುಮ್ಮನೆ ಗಾಡಿ ಓಡಿಸಲು ಬಂದವನೆಂದು ವಿನಯದಿಂದ ತಿಳಿಸಿದೆ. ಆಕೆ ನನ್ನನ್ನು ಬೂಟಿನಿಂದ ಹೆಲ್ಮೆಟ್ಟಿನವರೆಗೆ ನಿಧಾನವಾಗಿ ನೋಡಿದರು. "ಸುಮ್ಮ ಸುಮ್ಮನ ಇಷ್ಟು ರಾಡ್ಯಾಗ ಯಾರು ಬರ್ತಾರಪ? ಖರೇ ಹೇಳು" ಎಂದರು. ಆ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಿಮೆ ಮಾಡಿಸಿದ್ದರೆ ಇಂಥ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ನೆನಪಿದ್ದುದರಿಂದ, ಮುಂಗಾಲಿಗೆ 18, ಹಿಂಗಾಲಿಗೆ 20 ಎಂದು ಬರೆದಿದ್ದ ಸಾಲಿನ ಕೆಳಗೇ ಆಕೆಯ ಸರ್ವೆ ನಂಬರನ್ನು ಬರೆದುಕೊಂಡು, ವಾಪಸು ಬರುವಾಗ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಸಿ ಬಂದೆ. ಮುಂದಿನ ಭಾನುವಾರ ಅದೇ ದಾರಿಯಲ್ಲಿ ಹೋದಾಗ, ಊರ ಮುಂದಿನ ಕಟ್ಟೆಯ ಮೇಲೆ ಏಳೆಂಟು ಮಂದಿ ಪಹಣಿ ಹಿಡಿದುಕೊಂಡು ನನ್ನ ದಾರಿ ಕಾಯುತ್ತಿದ್ದರು.